ಸಮಾಧಿ ಕಲ್ಲುಗಳ ಮೇಲೆ ಉಣ್ಣೆಯ ಕಾಲುಚೀಲ

ನನ್ನ ಬೂಟಿನ ಕೆಳಗೆ ಒಬ್ಬ ಮನುಷ್ಯನ ಹೆಸರಿತ್ತು.

ಆ ಹಳೆ ಚರ್ಚಿನೊಳಗೆ ಸ್ವಲ್ಪ ದೂರ ನಡೆದ ಮೇಲೆ ಅದು ಕಣ್ಣಿಗೆ ಬಿತ್ತು. ಆಳುದ್ದದ ನೀಲಿಗಪ್ಪು ಹಾಸುಗಲ್ಲು, ಅದರ ಮೇಲೆ ಉಳಿಯಿಂದ ಕೊರೆದ ಅಕ್ಷರ. ಗಾಬರಿಯಾಗಿ ಕಾಲು ತೆಗೆದು ಪಕ್ಕದ ಕಲ್ಲಿನ ಮೇಲಿಟ್ಟೆ. ಅಲ್ಲೂ ಹೆಸರು. ಅದರಾಚೆಯ ಕಲ್ಲಿನ ಮೇಲೂ ಹೆಸರು. ಈ ಗೋಡೆಯಿಂದ ಆ ಗೋಡೆಯವರೆಗೆ ನೆಲವೆಲ್ಲ ಸಮಾಧಿಯೇ. ನಾನು ಅಲ್ಲಿಗೆ ಕೆಲಸ ಕೇಳಲು ಹೋಗಿದ್ದವ. ಏನು ಮಾಡಬೇಕೋ ತೋಚದೆ ಎರಡೂ ಬೂಟು ಕಳಚಿ ಬಗಲಲ್ಲಿ ಹಿಡಿದುಕೊಂಡು ನಿಂತೆ.

ಎದುರಿಗೆ ಬಂದ ಮುದುಕರು ಮೊದಲು ಬೂಟು ನೋಡಿದರು, ಆಮೇಲೆ ನನ್ನ ಮಾರಿ ನೋಡಿದರು.

“ಯಾಕಪಾ, ಬೂಟು ಕಡಿಯಾಕತ್ತಾವೇನು?”

ಅವರ ಡಚ್ ಮಾತು ನನಗೆ ಆಗ ಅರ್ಧಮರ್ಧ ತಿಳಿಯುತ್ತಿತ್ತು. ಈಗ ತಿಳಿದಂತೆ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಬೇರೆ ಥರ ಬರೆದರೆ ಅವರು ನನಗೇ ಗುರುತು ಸಿಗುವುದಿಲ್ಲ.

ನಾನು ಇಂಡಿ ತಾಲೂಕಿನವ. ಲಚ್ಯಾಣದ ಸ್ಟೇಷನ್ನಿಂದ ನಮ್ಮ ಹೊಲಕ್ಕೆ ನಡೆದೇ ಹೋಗಬಹುದು. ಐದನೇ ಇಯತ್ತೆಗೆ ಸಾಲಿ ಬಿಟ್ಟೆ. ಅದಕ್ಕೆ ನಾಚಿಕೆಯಿಲ್ಲ, ದುಡಿಯದೇ ಉಂಡ ದಿನ ನನ್ನ ಬಾಳಿನಲ್ಲಿಲ್ಲ. ಸೊಲ್ಲಾಪುರದ ಮಿಲ್ಲಿನಲ್ಲಿ ದುಡಿದೆ, ಮುಂಬೈಯ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಮೂಟೆ ಹೊತ್ತೆ, ಆಮೇಲೆ ಹಡಗು ಹತ್ತಿದೆ. ಹಾಲೆಂಡಿನ ರಾಟರ್‌ಡ್ಯಾಮ್ ಬಂದರಿನಲ್ಲಿ ಹೊಟ್ಟೆನೋವು ಬಂದು ಆಪರೇಷನ್ ಆಯಿತು. ನಾನು ಎದ್ದು ಕೂಡುವಷ್ಟರಲ್ಲಿ ನನ್ನ ಹಡಗು ಹೋಗಿಬಿಟ್ಟಿತ್ತು. ಖಲಾಸಿಗಳನ್ನು ನೋಡಿಕೊಳ್ಳುವ ಪಾದ್ರಿಯೊಬ್ಬರು, “ಲೈಡನ್ ಊರಾಗ ಒಂದು ಚರ್ಚ್ ಐತಿ, ಕಸಾ ಹೊಡೆಯೋ ಕೆಲಸ, ಇರಾಕ ಖೋಲಿನೂ ಕೊಡ್ತಾರ” ಎಂದು ಕಳಿಸಿದರು. ಹಾಗೆ ಬಂದವ ನಾನು. ಇದೆಲ್ಲ ಎಪ್ಪತ್ತನೇ ಇಸವಿಯ ನಂತರದ ಮಾತು.

ಅಂದು ಎದುರಿಗೆ ಬಂದ ಮುದುಕರ ಹೆಸರು ಹೆಂಡ್ರಿಕ್. ಅವರು ಆ ಚರ್ಚಿನ ಕೋಸ್ಟರ್. ಕೋಸ್ಟರ್ ಅಂದರೆ ಚರ್ಚಿನ ಬೀಗ, ದೀಪ, ಗಂಟೆ ಎಲ್ಲ ನೋಡಿಕೊಳ್ಳುವವರು. ಮೊಣಕಾಲು ನೋವಿಗೆ ಬಗ್ಗಲಾರದ್ದಕ್ಕೆ ಅವರಿಗೆ ಕೈಯಾಳು ಬೇಕಾಗಿತ್ತು. ನನ್ನನ್ನು ಚಳಿಗಾಲ ಮುಗಿಯುವವರೆಗೆ ಇಟ್ಟುಕೊಂಡರು. ವಸಂತದಲ್ಲಿ ಚರ್ಚಿನ ಹಿರಿಯರು ಸೇರಿ, ಕಾಯಂ ಮಾಡಬೇಕೋ ಬ್ಯಾಡವೋ ನೋಡುವುದು ಅಂತ ಕರಾರು. ಗಂಟೆಗೋಪುರದ ಬುಡದಲ್ಲಿ ಒಂದು ಖೋಲಿ, ಒಂದು ಮಂಚ, ಒಂದು ಸ್ಟೋವು. ಆ ಕೆಲಸ ಹೋದರೆ ಖೋಲಿಯೂ ಹೋಗುತ್ತಿತ್ತು, ಖೋಲಿ ಹೋದರೆ ಆ ದೇಶದಲ್ಲಿ ನನಗೆ ನಿಲ್ಲಲು ನೆಲವೇ ಇರಲಿಲ್ಲ.

ಹೆಂಡ್ರಿಕ್‌ರನ್ನು ನಾನು ಮಿನೀರ್ ಅನ್ನುತ್ತಿದ್ದೆ, ನಾವು ಸಾಹೇಬರ ಅಂದಂತೆ. ಅವರ ಹೆಂಡತಿಯ ಹೆಸರು ನೀಲ್ಚ. ನನ್ನ ಬಾಯಲ್ಲಿ ಅದು ಎರಡೇ ದಿನಕ್ಕೆ ನೀಲವ್ವ ಆಯಿತು. ಡಚ್ ಭಾಷೆಯಲ್ಲಿ ಗಂಟಲಿನಿಂದ ಕ್ಯಾಕರಿಸಿದಂತೆ ಒಂದು ಅಕ್ಷರ ಬರುತ್ತದೆ. ರಾಟರ್‌ಡ್ಯಾಮಿನಲ್ಲಿ ಕಂಡ ಬೇರೆ ಕಡೆಯ ಖಲಾಸಿಗಳು ಅದಕ್ಕೆ ಒದ್ದಾಡುತ್ತಿದ್ದರು. ನಾನು ಹುಡುಗನಾಗಿದ್ದಾಗ ನಮ್ಮ ಓಣಿಯ ಸಾಬರ ಮನಿಯಲ್ಲಿ ಆಡಿ ಬೆಳೆದವ. ಖಬರ್, ಖರ್ಚು, ಖುಷಿ ಎಲ್ಲ ಗಂಟಲಿನಿಂದಲೇ ಬರುತ್ತಿದ್ದವು. “ನಿನ್ನ ನಾಲಗಿ ಇಲ್ಲೇ ಹುಟ್ಟೇತಿ ನೋಡು” ಎಂದಳು ನೀಲವ್ವ.

ಊಟದ್ದೇ ಫಜೀತಿ. ಹಸಿ ಮೀನನ್ನು ಬಾಲ ಹಿಡಿದು ನುಂಗುವ ಜನ. ನಾನು ಲಿಂಗ ಕಟ್ಟಿದವ. ಬಟಾಟಿ, ಮತ್ತೆ ಬಟಾಟಿ, ಮೇಲೆ ಬ್ರೆಡ್ಡು. ಜೋಳದ ರೊಟ್ಟಿ ತಟ್ಟುವ ಸಪ್ಪಳ ಕನಸಿನಲ್ಲಿ ಕೇಳುತ್ತಿತ್ತು. ಒಂದು ದಿನ ನೀಲವ್ವ ಡಬ್ಬಿಯಿಂದ ಏನನ್ನೋ ಬ್ರೆಡ್ಡಿಗೆ ಸವರಿ ಕೊಟ್ಟಳು. ನಾಲಗೆಗೆ ಹತ್ತಿದ ಕೂಡಲೇ ಗೊತ್ತಾಯಿತು, ಶೇಂಗಾ! ಪಿಂಡಾಕಾಸ್ ಅನ್ನುತ್ತಾರೆ, ಅರೆದ ಶೇಂಗಾದ ಮುದ್ದೆ. ಪೇಟೆಯಿಂದ ಒಣ ಮೆಣಸಿನಕಾಯಿ ತಂದು ಬೆಳ್ಳುಳ್ಳಿ ಉಪ್ಪು ಕೂಡಿಸಿ ಕುಟ್ಟಿ ಅದರಲ್ಲಿ ಕಲಸಿದೆ. ಶೇಂಗಾ ಹಿಂಡಿಯ ತಮ್ಮನಂತಿತ್ತು. ಅದನ್ನು ನೆಕ್ಕಿ ನೋಡಿದ ಹೆಂಡ್ರಿಕ್ ನೀರು ನೀರು ಅಂತ ಓಡಿದರು.

ಆದರೆ ನೆಲದ ಮಾತು ಬಗೆಹರಿದಿರಲಿಲ್ಲ. ನಮ್ಮ ಅಪ್ಪ ಹೊಲದ ಮೂಲೆಯಲ್ಲಿ ಮಣ್ಣಾಗಿದ್ದಾನೆ, ಮೇಲೊಂದು ಕಲ್ಲಿನ ಕಟ್ಟಿ. ಆ ಕಟ್ಟಿಯ ಹತ್ತಿರ ಹೋಗುವಾಗ ಚಪ್ಪಲಿಯನ್ನು ಬದುವಿನ ಆಚೆಗೇ ಬಿಡುತ್ತೇವೆ. ಮಠದ ಗದ್ದುಗೆಯ ಮುಂದಂತೂ ಮಾತೇ ಬೇಡ. ಅಂಥವನಿಗೆ ಬೂಟು ಹಾಕಿಕೊಂಡು ಹೆಣಗಳ ಹೆಸರಿನ ಮೇಲೆ ಓಡಾಡಲು ಹೇಗಾದೀತು? ದಿನಾ ಬಾಗಿಲಲ್ಲಿ ಬೂಟು ಬಿಟ್ಟೆ, ಬರಿಗಾಲಲ್ಲಿ ಗುಡಿಸಿದೆ. ನಮ್ಮ ಕಡೆ ಬರಿಗಾಲು ಅಂದರೆ ಬಿಸಿಲಿಗೆ ಸುಡುವುದು. ಅಲ್ಲಿ ಕಲ್ಲು ಮಂಜಿನಂತೆ ಕೊರೆದು ಚಳಿ ಮೊಣಕಾಲಿಗೆ ಏರುತ್ತಿತ್ತು.

ಜನ ಬೇರೆಯೇ ತಿಳಿದುಕೊಂಡರು. ಒಂದು ರವಿವಾರ ಪ್ರಾರ್ಥನೆ ಮುಗಿದ ಮೇಲೆ ನೋಡುತ್ತೇನೆ, ನನ್ನ ಖೋಲಿಯ ಬಾಗಿಲಲ್ಲಿ ಒಂದು ಜೋಡಿ ಹಳೆ ಬೂಟು. ಮುಂದಿನ ವಾರ ಇನ್ನೂ ಎರಡು ಜೋಡಿ, ಒಂದರೊಳಗೆ ನನ್ನ ಎರಡೂ ಕಾಲು ಹಿಡಿಯುವಷ್ಟು ದೊಡ್ಡವು. ನನಗೆ ಮೈಯೆಲ್ಲ ಉರಿಯಿತು. ನನ್ನ ಬೂಟು ನಾನೇ ದುಡಿದು ತಗೊಂಡದ್ದು, ದಿನಾ ಪಾಲಿಶ್ ಮಾಡುತ್ತಿದ್ದೆ. ಬಂದ ಜೋಡುಗಳನ್ನೆಲ್ಲ ಚರ್ಚಿನ ದೊಡ್ಡ ಬಾಗಿಲ ಮುಂದೆ ಸಾಲಾಗಿ ಇಟ್ಟು, ನಡುವೆ ನನ್ನ ಮಿರಿಮಿರಿ ಹೊಳೆಯುವ ಬೂಟು ಇಟ್ಟೆ.

“ಜೋಡಿನ ಅಂಗಡಿ ತಗದಿಯೇನೋ?” ಎಂದು ನಕ್ಕರು ಹೆಂಡ್ರಿಕ್. ನಾನು ನಗಲಿಲ್ಲ. ಅಪ್ಪನ ಮಾತು, ಚಪ್ಪಲಿಯ ಮಾತು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, “ಬಾ ಇಲ್ಲಿ” ಎಂದು ನನ್ನನ್ನು ಚರ್ಚಿನ ತುಂಬ ತಿರುಗಿಸಿದರು.

ಮೊದಲು ಆ ಚರ್ಚಿನಲ್ಲಿ ಕಂಬಕ್ಕೊಂದು ಮೂರ್ತಿ ಇದ್ದವಂತೆ, ಗೋಡೆ ತುಂಬ ಬಣ್ಣದ ಚಿತ್ರ. ನಾಲ್ಕು ನೂರು ವರ್ಷದ ಹಿಂದೆ ಜನ ಎದ್ದರು. ದೇವರಿಗೂ ನಮಗೂ ನಡುವೆ ಕಲ್ಲು ಕಟ್ಟಿಗೆ ಬೇಡ ಎಂದು ಮೂರ್ತಿ ಒಡೆದರು, ಚಿತ್ರದ ಮೇಲೆ ಸುಣ್ಣ ಬಳಿದರು. ಅಂದಿನಿಂದ ಅದು ಪ್ರಾಟೆಸ್ಟಂಟರದು. ಮೂರ್ತಿ ಇದ್ದ ಗೂಡುಗಳು ಈಗಲೂ ಖಾಲಿ. ಬಸವನ ಬಾಗೇವಾಡಿ ಸೀಮೆಯ ಗಾಳಿ ಕುಡಿದ ನನಗೆ ಆ ಮಾತು ಹೊಸದೆನಿಸಲಿಲ್ಲ, ನಮ್ಮ ದೇವರೂ ಗುಡಿ ಬಿಟ್ಟು ಕೊರಳಿಗೆ ಬಂದವನೇ. ಆದರೆ ಒಡೆದದ್ದು ಕೇಳಿ ಸಂಕಟವಾಯಿತು. ಯಾವನೋ ಉಳಿ ಹಿಡಿದು ಎಷ್ಟು ದಿನ ಕೂತಿದ್ದನೋ.

“ಮೂರ್ತಿ ಹ್ವಾದ್ವು, ಹೆಣಾ ಉಳದ್ವು” ಎಂದರು ಹೆಂಡ್ರಿಕ್. ರೊಕ್ಕ ಇದ್ದವರು ಚರ್ಚಿನೊಳಗೇ ಹುಗಿಸಿಕೊಳ್ಳುತ್ತಿದ್ದರಂತೆ. ಬೇಸಿಗೆಯಲ್ಲಿ ನಾತ ತಡೆಯಲಾಗುತ್ತಿರಲಿಲ್ಲ. ಇಂದಿಗೂ ಆ ಊರಲ್ಲಿ ದೊಡ್ಡ ಸಾಹುಕಾರನನ್ನು ಬೈಯಬೇಕಾದರೆ ‘ನಾರುವ ಶ್ರೀಮಂತ’ ಅನ್ನುತ್ತಾರೆ. ವಾಸನೆಗೆ ಬರುವ ನಾಯಿ ಓಡಿಸಲು ಸಂಬಳದ ಆಳು ಇದ್ದನಂತೆ. ಮುಂದೆ ರಾಜರ ಮೇಲೆ ಜನ ತಿರುಗಿಬಿದ್ದ ಕಾಲಕ್ಕೆ, ಎಲ್ಲರೂ ಸಮ ಎಂದು ಕಲ್ಲಿನ ಮೇಲಿನ ಮನೆತನದ ಮುದ್ರೆಗಳನ್ನೆಲ್ಲ ಕೆತ್ತಿ ಹಾಕಿದರು. ಆಮೇಲೆ ಸರಕಾರ ಒಳಗೆ ಹುಗಿಯುವುದನ್ನೇ ನಿಲ್ಲಿಸಿತು. ಇವನ್ನೆಲ್ಲ ಅವರು ನಿನ್ನೆ ಓಣಿಯಲ್ಲಿ ನಡೆದದ್ದನ್ನು ಹೇಳುವಂತೆ ಹೇಳಿದರು.

ಕಡೆಗೆ ಒಂದು ಕಲ್ಲಿನ ಮುಂದೆ ನಿಂತರು. ಅದರ ಮೇಲಿನ ಅಕ್ಷರ ಪೂರ್ತಿ ಸವೆದಿತ್ತು. ಕೈಯಾಡಿಸಿದರೆ ತಗ್ಗು ಕೂಡ ಹತ್ತುತ್ತಿರಲಿಲ್ಲ.

“ಇವರೆಲ್ಲಾ ಬೇಕಂತನ ನೆಲದಾಗ ಮಲಗ್ಯಾರ, ಮಲಕಪ್ಪಾ. ದೇವರ ಮಾತು ಕೇಳಾಕ ಬರೋರ ಕಾಲಿನ ಬುಡಕ ನಮ್ಮ ಹೆಸರು ಸವೀಲಿ ಅಂತ. ನೀ ತುಳದರ ಅವರಿಗೆ ಅವಮಾನ ಅಲ್ಲ, ಮರ್ಯಾದಿ.”

ನಾನು ಹೇಳಿದೆ, “ತುಳಿಸಿಕೊಳ್ಳೋದು ಅವರ ದೊಡ್ಡತನ, ಮಿನೀರ್. ತುಳಿಯೋದು ನನ್ನ ಸಣ್ಣತನ ಆಗ್ತೈತಿ.”

“ನಿನ್ನ ಹಟ ಈ ಕಲ್ಲಿಗಿಂತ ಗಟ್ಟಿ” ಎಂದರು ಅವರು. ಆದರೆ ಆವತ್ತು ಮಧ್ಯಾಹ್ನ ನೀಲವ್ವನ ಕೈಯಲ್ಲಿ ಒಂದು ತೂತಿನ ಮಣೆಪೆಟ್ಟಿಗೆ ಕಳಿಸಿದರು. ಸ್ತೋಫ್ ಅನ್ನುತ್ತಾರೆ. ಒಳಗೆ ಕೆಂಡ ಇಟ್ಟು ಮೇಲೆ ಪಾದ ಇಟ್ಟುಕೊಳ್ಳುವುದು. ಹಿಂದೆ ಹೆಂಗಸರು ಪ್ರಾರ್ಥನೆಗೆ ಬರುವಾಗ ಒಬ್ಬೊಬ್ಬರು ಒಂದೊಂದು ತರುತ್ತಿದ್ದರಂತೆ. ನಮ್ಮ ಅಗ್ಗಿಷ್ಟಿಗೆಯ ಸಣ್ಣ ರೂಪ.

ವಸಂತ ಬಂತು, ಹಿರಿಯರು ಸೇರುವ ದಿನವೂ ಬಂತು. ಅವರಲ್ಲಿ ಒಬ್ಬರು ಬಟ್ಟೆ ಅಂಗಡಿಯವರು. ಕೆಟ್ಟವರಲ್ಲ, ಆದರೆ ಕಾಲರಿನ ಮಡಿಕೆಯಂತೆ ಎಲ್ಲವೂ ನೇರ ಇರಬೇಕು. ನನ್ನನ್ನು ಕರೆದು ನಿಲ್ಲಿಸಿಕೊಂಡು ಅವರೇ ಶುರು ಮಾಡಿದರು.

“ಕೆಲಸದಾಗ ಕೊರತಿ ಇಲ್ಲ. ಆದರ ಊರ ಮಂದಿ ಏನಂತಾರ ಗೊತ್ತೈತೇನು? ಪರದೇಶದ ಆಳನ್ನ ಚಳಿಯೊಳಗ ಬರಿಗಾಲಿಲೆ ದುಡಿಸ್ಕೊಳ್ಳಾಕತ್ತಾರ ಅಂತಾರ. ಬೂಟು ಹಾಕ್ಕೋ, ಇರು. ಇಲ್ಲಾಂದ್ರ ನಮಗ ಬ್ಯಾರೆ ದಾರಿ ಇಲ್ಲ.”

ಹೆಂಡ್ರಿಕ್ ನೆಲ ನೋಡುತ್ತಿದ್ದರು. ನನಗೆ ನನ್ನ ಖೋಲಿ, ಸ್ಟೋವು, ಹಿಂಡಿಯ ಡಬ್ಬಿ ಎಲ್ಲ ಕಣ್ಣ ಮುಂದೆ ಬಂದವು. ಆದರೂ ಬಾಯಿಂದ ಬಂದದ್ದು ಒಂದೇ ಮಾತು.

“ಬೂಟು ಹಾಕ್ಕೊಂಡು ಆಗೂದಿಲ್ರಿ. ಖೋಲಿ ನಾಳಿಗೇ ಬಿಡ್ತೇನಿ.”

ಅಷ್ಟರಲ್ಲಿ ನೀಲವ್ವ ಕಾಫಿಯ ಕೆಟಲು ಹಿಡಿದು ಒಳಗೆ ಬಂದಳು. ಅವಳ ಕಾಲಲ್ಲಿ ಬೂಟಿರಲಿಲ್ಲ, ಬರೀ ದಪ್ಪ ಉಣ್ಣೆಯ ಕಾಲುಚೀಲ. ಅಂಗಡಿಯವರ ಹುಬ್ಬು ಮೇಲೇರಿತು.

“ನಿನ್ನ ಬೂಟೆಲ್ಲಿ, ನೀಲ್ಚ?”

“ಬಾಗಿಲ್ದಾಗ ಅದಾವ. ಅಲ್ಲಾ, ನಾ ಹುಟ್ಟಿದ ಹಳ್ಳ್ಯಾಗ ನಮ್ಮಜ್ಜ ಚರ್ಚಿನ ಬಾಗಿಲಿಗೆ ತನ್ನ ಕ್ಲೊಂಪನ್ ಬಿಟ್ಟು, ಬರೇ ಕಾಲುಚೀಲದ ಮ್ಯಾಲೆ ಒಳಗ ಹೋಗ್ತಿದ್ದ. ಅವುಗಳ ಬಾಜೂಕ ಇನ್ನೊಂದು ಜೋಡಿ ಇರತಿತ್ತು. ಯಾರ್ದು ಹೇಳಲೇನು?”

ಕ್ಲೊಂಪನ್ ಅಂದರೆ ಅಲ್ಲಿಯ ರೈತರ ಕಟ್ಟಿಗೆಯ ಜೋಡು. ನಮ್ಮ ಸ್ವಾಮಿಗಳ ಆವುಗೆಯಂತೆಯೇ, ಆದರೆ ಇಡೀ ಪಾದ ಮುಚ್ಚುವಂಥದ್ದು. ಅಂಗಡಿಯವರ ಕಿವಿ ಕೆಂಪಾದವು.

“ನಿಮ್ಮಜ್ಜಂದು!” ಎಂದಳು ನೀಲವ್ವ, ಕಾಫಿ ಸುರಿಯುತ್ತಲೇ. “ಬಟಾಟಿ ಹೊಲದ ಕೆಸರು ಹಂಗ ಇರತಿತ್ತು ಅದಕ್ಕ. ಈಗ ಮೊಮ್ಮಗ ಪ್ಯಾಟಿಗೆ ಬಂದು ಬೂಟಿನ ಪುರಾಣ ಹೇಳಾಕತ್ತಾನ.”

ಯಾರೋ ಕೆಮ್ಮಿದರು, ಯಾರೋ ನಕ್ಕರು. ಅಂಗಡಿಯವರು ಕಾಫಿಯ ಕಪ್ಪನ್ನು ಬದಿಗೆ ಸರಿಸಿದರು.

“ನಮ್ಮಜ್ಜ ತನ್ನ ಕ್ಲೊಂಪನ್ ಮ್ಯಾಲೆ ಕಾದ ಕಬ್ಬಿಣದಿಂದ ಹೆಸರಿನ ಅಕ್ಷರ ಸುಟ್ಟಿದ್ದ,” ಎಂದರು ಕಡೆಗೆ. “ನಿಮ್ಮಜ್ಜನ ಜೋಡಿಗೂ ಅವಕ್ಕೂ ಅದಲ ಬದಲ ಆಗಬಾರ್ದಂತ.” ಆಮೇಲೆ ನನ್ನತ್ತ ತಿರುಗಿ, “ಕಾಲುಚೀಲರೆ ಹಾಕ್ಕೊಳ್ಳೋ ಮಾರಾಯಾ” ಎಂದರು.

ಕಾಲುಚೀಲವನ್ನು ನೀಲವ್ವನೇ ಹೆಣೆದಳು. ಪುಕ್ಕಟೆ ತಗೊಳ್ಳುವವ ನಾನಲ್ಲ, ಅವಳ ಹಿತ್ತಲ ಅಗೆದುಕೊಟ್ಟೆ. ಅಂದಿನಿಂದ ಆ ನೆಲದ ಮೇಲೆ ನನ್ನ ನಡಿಗೆ ಸಪ್ಪಳವಿಲ್ಲದ್ದು. ಹೆಸರು ಸವೆದ ಕಲ್ಲನ್ನು ಮಾತ್ರ ಕಡೆಗೆ ಗುಡಿಸುತ್ತಿದ್ದೆ, ತುಸು ಹೆಚ್ಚು ಹೊತ್ತು. ಅಲ್ಲಿ ಮಲಗಿದವರಿಗೆ ನನ್ನ ಬಿಟ್ಟರೆ ಯಾರೂ ಇಲ್ಲ ಅನ್ನಿಸುತ್ತಿತ್ತು.

ಕೆಲವು ವರ್ಷದ ಮೇಲೆ ಊರಿಗೆ ಬಂದೆ. ಬಿಳಿಜೋಳ ತೆನೆಗಟ್ಟಿದ ಕಾಲ, ಮುಂಜಾನೆ ಥಂಡಿ. ಅವ್ವನ ಜೊತೆ ಹೊಲಕ್ಕೆ ಹೋದೆ. ಬದುವಿನ ಆಚೆಗೆ ಬೂಟು ಕಳಚಿ, ರೂಢಿಯಂತೆ ಕಾಲುಚೀಲದಲ್ಲೇ ಅಪ್ಪನ ಕಟ್ಟಿಯತ್ತ ನಡೆದೆ. ಅವ್ವ ಹಿಂದಿನಿಂದ ಕೂಗಿದಳು.

“ಅವೇನೋ ಮಲಕ್ಯಾ ಕಾಲಾಗ, ಬೆಕ್ಕಿನ ಮರಿ ಕಟಗೊಂಡಂಗ? ತಗೀ ಅವನ್ನೂ!”

“ಅಲ್ಲಿ ಹಿಂಗ ನಡೀತೇನಿ, ಅವ್ವಾ.”

“ಅಲ್ಲಿದು ಅಲ್ಲಿ. ನಿಮ್ಮಪ್ಪಗ ನಿನ್ನ ಕಾಲಿನ ಗುರ್ತಾ ಹತ್ತಬ್ಯಾಡೇನು?”

ತೆಗೆದೆ. ಕಪ್ಪು ಎರಿಮಣ್ಣಿನ ಹೆಂಟೆ ಅಂಗಾಲಿಗೆ ಚುಚ್ಚಿದವು. ಮೆತ್ತಗಾಗಿಬಿಟ್ಟಿತ್ತು ನನ್ನ ಕಾಲು. ಕಟ್ಟಿಯ ಮುಂದೆ ನಿಂತಾಗ, ಹೇಳಲು ಸಂಕೋಚ, ಅಂಗಾಲು ಆ ದೂರದ ತಣ್ಣನೆ ಕಲ್ಲನ್ನು ಹುಡುಕುತ್ತಿತ್ತು. ತಿರುಗಿ ಬರುವಾಗ ಕಾಲು ಒರೆಸದೆಯೇ ಕಾಲುಚೀಲ ಏರಿಸಿಕೊಂಡೆ.

ಮತ್ತೆ ಲೈಡನ್ನಿಗೆ ಹೋದ ಮೇಲೆ ಮೊದಲ ಶನಿವಾರ, ಪೆಟ್ಟಿಗೆಯಿಂದ ಅದೇ ಕಾಲುಚೀಲ ತೆಗೆದು ಹಾಕಿಕೊಂಡು ಗುಡಿಸಲು ನಿಂತೆ. ಎಲ್ಲ ಮುಗಿಸಿ ಹೆಸರಿಲ್ಲದ ಕಲ್ಲಿಗೆ ಬಂದಾಗ ನೋಡುತ್ತೇನೆ, ಅದರ ಮೇಲೆ ನಾಲ್ಕು ಕರಿ ಕಾಳು. ಅಪ್ಪನ ಹೊಲದ ಎರಿಮಣ್ಣು. ಉಣ್ಣೆಯ ಎಳೆಯಲ್ಲಿ ಸಿಕ್ಕಿ ನನ್ನ ಜೊತೆ ಬಂದಿತ್ತು.

ಕಸ ಬಿಟ್ಟು ಹೋಗುವವ ನಾನಲ್ಲ. ಕಸಬರಿಗೆ ಬದಿಗಿಟ್ಟು ಮೊಣಕಾಲೂರಿ ಕೂತೆ. ಬೆರಳಿನಿಂದ ಅದನ್ನು ಒತ್ತಿ ಒತ್ತಿ ಎರಡು ಕಲ್ಲಿನ ಸಂದಿಗೆ ತುಂಬಿದೆ.

ಮರುದಿನ ಗಂಟೆ ಹೊಡೆಯಿತು, ಜನ ಬಂದರು. ಎಂದಿನಂತೆ ಬೂಟು ಹಾಕಿಕೊಂಡೇ ಆ ಸಂದಿಯ ಮೇಲೆ ಹಾಯ್ದುಹೋದರು. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಯಾಕೋ, ಸಿಟ್ಟು ಬರಲಿಲ್ಲ.