ಒಬ್ಬರಿಂದ ಆಗದ ಆಟ

ನಮ್ಮ ಸೋದರತ್ತೆಯ ಬಲಗೈ ತೋರುಬೆರಳಿನ ಉಗುರಿನಲ್ಲಿ ಒಂದು ಗೀರು ಇತ್ತು. ಮೂವತ್ತು ವರ್ಷ ರೇಷ್ಮೆ ಎಳೆ ಹಾದು ಹಾದು ಬಿದ್ದ ಗೀರು. ಮಗ್ಗ ಬಿಟ್ಟ ಮೇಲೂ ಅದು ಮುಚ್ಚಲಿಲ್ಲ. ಮೊಬೈಲಿನ ಗಾಜಿನ ಮೇಲೆ ಅವಳು ಬೆರಳಿಟ್ಟರೆ ಉಗುರೇ ಮೊದಲು ಟಕ್ ಎಂದು ತಾಗುತ್ತಿತ್ತು, ಪರದೆ ಅಲುಗಾಡುತ್ತಿರಲಿಲ್ಲ. "ನಿನ್ನ ಆಟಕ್ಕ ನನ್ನ ಕೈ ಗುರ್ತು ಹತ್ತವಲ್ದು ನೋಡಪಾ" ಎಂದು ಬೆರಳು ಅಡ್ಡ ಮಾಡಿ, ರೊಟ್ಟಿ ತಟ್ಟುವವಳ ಹಾಗೆ ಒತ್ತುತ್ತಿದ್ದಳು.

ಅತ್ತೆ ನಾರಾಯಣಪೇಟೆಯ ಮಗಳು, ಗದ್ವಾಲದ ಸೊಸೆ. ತವರಿನಲ್ಲಿ ಚೌಕಳಿ ಸೀರೆ ನೇಯುವುದನ್ನು ಕಲಿತು ಬಂದವಳಿಗೆ ಇಲ್ಲಿ ಬೇರೆಯೇ ಸೀರೆ ಎದುರಾಯಿತು. ಗದ್ವಾಲದ್ದು ಹತ್ತಿಯ ಒಡಲು, ರೇಷ್ಮೆಯ ಅಂಚು. ಒಡಲಿನ ಎಳೆಯನ್ನೂ ಅಂಚಿನ ಎಳೆಯನ್ನೂ ಸಾಲುಸಾಲಿಗೂ ಒಂದಕ್ಕೊಂದು ಕೊಂಡಿ ಹಾಕಬೇಕು, ಎರಡಕ್ಕೂ ಲಾಳಿ ಬೇರೆ. ಅಂಥ ಮಗ್ಗಕ್ಕೆ ಇಬ್ಬರು ಕೂಡಬೇಕು. ಮಗ್ಗ ಇದ್ದದ್ದು ಪಕ್ಕದ ತೆಲುಗಿನವರ ಮನೆಯಲ್ಲಿ. ಆ ಮನೆಯಾಕೆ ಒಡಲು ನೇಯುತ್ತಿದ್ದರು, ಅತ್ತೆ ಅಂಚು. ಇಬ್ಬರೂ ಒಬ್ಬರನ್ನೊಬ್ಬರು ವದಿನಾ ಎಂದು, ಅಂದರೆ ಅತ್ತಿಗೆ ಎಂದು, ಕರೆಯುತ್ತಿದ್ದರು. ಓಣಿಗೆಲ್ಲ ಆ ಮನೆಯಾಕೆ ವದಿನಮ್ಮ ಆದರು.

ಒಂದೇ ಹಲಗೆಯ ಮೇಲೆ ಅಷ್ಟು ವರ್ಷ ಕೂತರೂ ಒಬ್ಬರ ಮುಖ ಒಬ್ಬರು ನೋಡಿದ್ದು ಕಡಿಮೆ. ಕಣ್ಣು ಎಳೆಯ ಮೇಲೆ, ಮಾತು ಪಕ್ಕಕ್ಕೆ. ಹೆರಿಗೆ, ಸಾವು, ಗಂಡಂದಿರ ಗುಣ, ಸೊಸೆಯರ ಸೊಕ್ಕು ಎಲ್ಲವನ್ನೂ ಆ ಮಗ್ಗದ ಸದ್ದಿನೊಳಗೇ ಆಡಿ ಮುಗಿಸಿದ್ದರು. ಆಮೇಲೆ ಅತ್ತೆಯ ಮೊಣಕಾಲು ಕೆಟ್ಟವು. ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂಡುವುದು ಇನ್ನು ಸಾಕು ಎಂದರು ಡಾಕ್ಟರು. ಅದೇ ವರ್ಷ ವದಿನಮ್ಮ ಮೊಮ್ಮಗುವನ್ನು ನೋಡಿಕೊಳ್ಳಲು ಮಗನ ಜೊತೆ ಪುಣೆಗೆ ಹೋದರು. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದರು, ಮನೆ ಬಾಡಿಗೆಗೆ ಹೋಯಿತು.

ಫೋನು ಇತ್ತಲ್ಲ, ಮಾತಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಡುತ್ತಿದ್ದರು. "ಉಂಡ್ಯಾ ವದಿನಾ?" "ತಿಂದೆ. ನೀನು?" "ಉಂಡೆ. ಮತ್ತ?" "ಮತ್ತೇನಿಲ್ಲ." ಅಷ್ಟಕ್ಕೆ ಫೋನು ಇಟ್ಟು ಅತ್ತೆ ಗೋಡೆ ನೋಡುತ್ತ ಕೂಡುತ್ತಿದ್ದಳು. ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು, ಗದ್ದಲಕ್ಕೇನೂ ಬರವಿರಲಿಲ್ಲ. ಆದರೂ ವದಿನಮ್ಮನ ಜೊತೆಗಿನ ಮಾತು ಕೈಬಿಟ್ಟು ಹೋಗುತ್ತಿದೆ ಎಂಬ ಹೆದರಿಕೆ ಅವಳನ್ನು ತಿನ್ನುತ್ತಿತ್ತು. "ನಾವು ಮಾತಾಡಾಕ ಕೂತವ್ರಲ್ಲಪಾ, ಕೆಲಸಕ್ಕ ಕೂತವ್ರು. ಕೈ ಖಾಲಿ ಇದ್ರ ಬಾಯಾಗ ಏನೂ ಬರಂಗಿಲ್ಲ" ಎಂದಳು ಒಮ್ಮೆ.

ಈ ನಡುವೆ ನನ್ನ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಿಬಿಡಬೇಕು. ಅತ್ತೆಯ ಮನೆಯ ಮಾಳಿಗೆ ಕೋಣೆಯಲ್ಲಿ ಇದ್ದುಕೊಂಡು ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೆ. ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಆನ್‌ಲೈನ್ ಆಟ ಆಡುತ್ತಿದ್ದೆ. ವಯಸ್ಸು ಮೂವತ್ತಾರು. "ಕೂಸಿನ ಕೈಯಾಗಿನ ಗಿಲಕಿ ಇನ್ನೂ ಬಿಟ್ಟಿಲ್ಲ" ಎಂದು ಮಕ್ತಲದಿಂದ ನಮ್ಮ ಅವ್ವ ಫೋನ್ ಮಾಡಿದಾಗಲೆಲ್ಲ ಬಯ್ಯುತ್ತಿದ್ದಳು. ಯಾರ ಜೊತೆಗೂ ಹೆಚ್ಚು ಮಾತಾಡುವ ಪೈಕಿ ಅಲ್ಲ ನಾನು. ಆಟದಲ್ಲಿ ಮಾತಾಡದೇ ಬದುಕಬಹುದು, ಅದಕ್ಕೇ ಆಡುತ್ತಿದ್ದೆ.

ಒಂದು ಮಧ್ಯಾಹ್ನ ಅತ್ತೆ ಚಹಾ ಹಿಡಿದು, ಮೊಣಕಾಲು ನೋವು ನುಂಗಿಕೊಂಡು ಮಾಳಿಗೆ ಹತ್ತಿ ಬಂದಳು. ಪರದೆಯಲ್ಲಿ ನನ್ನ ಕಮ್ಮಾರ ಕುಲುಮೆಯ ಮುಂದೆ ನಿಂತಿದ್ದ.

"ಏನು ಬಡೀತಾನ ಅವ?"

"ಕತ್ತಿ ಮಾಡ್ತಾನತ್ತಿ. ಮಾರಾಕ."

"ಅದರಾಗ ಮಗ್ಗ ಐತೇನು?"

"ಐತಿ."

ಅವಳು ಚಹಾ ಕೊಡುವುದನ್ನೇ ಮರೆತು ನಿಂತಳು. "ಇಬ್ಬರು ಕೂಡಬಹುದೇನು? ಒಬ್ಬಾಕಿ ಪುಣಾದಾಗ ಇದ್ರ?"

ಆವತ್ತಿನಿಂದ ನಮ್ಮ ಆಟದ ಹುಡುಕಾಟ ಶುರುವಾಯಿತು. ನಾರಾಯಣಪೇಟೆಯವರು ಸೀರೆ ಆರಿಸುವುದನ್ನು ನೀವು ನೋಡಿದ್ದರೆ ಗೊತ್ತಾಗುತ್ತದೆ. ಮೇಲಿನ ಮಡಿಕೆಗೆ ಮರುಳಾಗದೆ ಬಿಚ್ಚಿಸಿ, ತಿರುಗಿಸಿ, ಹಿಂಬದಿಯ ಎಳೆ ನೋಡುತ್ತಾರೆ. ಅತ್ತೆ ಆಟಗಳನ್ನೂ ಹಾಗೇ ತಿರುವಿ ನೋಡಿದಳು. ಮೊದಲನೆಯದರಲ್ಲಿ ಒಂದು ಗುಂಡಿ ಒತ್ತಿದರೆ ಬಟ್ಟೆ ತಯಾರು. "ಒತ್ತಿದ ಕೂಡ್ಲೆ ಸೀರಿ ಬರೋದಾದ್ರ ನಾ ಮೂವತ್ತು ವರ್ಷ ಹುಚ್ಚಿ ಆಗಿದ್ನೇನು? ಮುಚ್ಚು." ಇನ್ನೊಂದರಲ್ಲಿ ಅರಮನೆಯಂಥ ಮನೆ ಕಟ್ಟಬಹುದಿತ್ತು, ಆದರೆ ಮಾಡಿದ ಮಾಲನ್ನು ಕೊಳ್ಳುವವನು ಆಟದವರೇ ನಿಲ್ಲಿಸಿದ ಗೊಂಬೆ. ಅವನೊಂದಿಗೆ ಐದು ನಿಮಿಷ ಚೌಕಾಸಿ ಮಾಡಲು ನೋಡಿ, ಅವನು ಬಾಯಿ ಬಿಡದಿದ್ದಾಗ, "ಜೀವಾ ಇಲ್ಲದ ಗಿರಾಕಿ" ಎಂದು ಅದನ್ನೂ ತೆಗೆಸಿದಳು.

ಮೂರನೆಯದು ನನಗೇ ಬಹಳ ಹಿಡಿಸಿತ್ತು. ಎಲ್ಲ ಒಪ್ಪಿದ ಮೇಲೆ, ತಿಂಗಳುಗಟ್ಟಲೆ ಒಳಗೆ ಬಾರದವರ ಮನೆಯನ್ನು ಆಟದವರು ಕೆಡವಿಬಿಡುತ್ತಾರೆ ಎಂಬ ನಿಯಮ ಓದಿ ಹೇಳಿದೆ. ಅತ್ತೆಯ ಮುಖ ಬಿಗಿಯಿತು. "ಆಕಿ ಸೊಸಿದು ಮತ್ತೊಂದು ಬಾಣಂತನ ಬಂತಂದ್ರ? ಮೈಯಾಗ ಆರಾಮಿಲ್ಲಂದ್ರ? ಬರಲಿಲ್ಲಂತ ಕೆಡವೋದಾದ್ರ ಅದು ಮನಿ ಹೆಂಗಾತು?"

ಆಮೇಲೆ ನಾನು ಎಂಟು ವರ್ಷದಿಂದ ಆಡುತ್ತಿದ್ದ ಆಟವನ್ನೇ ಹೆಮ್ಮೆಯಿಂದ ತೆಗೆದೆ. ಅದರಲ್ಲಿ ಒಬ್ಬನೇ ಹದಿನೆಂಟು ಕಸುಬು ಕಲಿಯಬಹುದು. ನಾನು ಕಲಿತಿದ್ದೆ. ಗಣಿ ನನ್ನದು, ಕುಲುಮೆ ನನ್ನದು, ಮಗ್ಗ, ತೋಟ, ಅಂಗಡಿ ನನ್ನವು. "ನೋಡತ್ತಿ, ಯಾರ ಹಂಗೂ ಇಲ್ಲ" ಎಂದೆ. ಅತ್ತೆ ನನ್ನ ಆ ದೊಡ್ಡ ಮನೆಯ ಕೋಣೆ ಕೋಣೆಯನ್ನೂ ತೆಗೆಸಿ ನೋಡಿದಳು. ಒಂದು ನರಪಿಳ್ಳೆಯೂ ಇರಲಿಲ್ಲ.

"ಎಲ್ಲಾ ನೀನ ಮಾಡ್ಕೊಂಡ್ರ ಮಂದಿ ನಿನ್ನ ಮನಿಗಿ ಎದಕ್ಕ ಬರಬೇಕಪಾ?" ಎಂದಳು. ಬಯ್ಯುವ ದನಿ ಅಲ್ಲ, ಕನಿಕರ. ನನಗೆ ಬಯ್ದಿದ್ದರೇ ಚೆನ್ನಾಗಿತ್ತು.

ಕೊನೆಗೆ ಸಿಕ್ಕಿದ್ದು ಒಂದು ಹಳೆಯ ಆಟ. ಚಿತ್ರಗಳು ಮಾಸಿದಂತಿದ್ದವು, ಆಡುವವರು ಕಡಿಮೆ, ನಡಿಗೆ ಎತ್ತಿನ ಗಾಡಿಯದು. ಆದರೆ ಅದರಲ್ಲಿ ಒಬ್ಬರಿಗೆ ಒಂದೇ ಕಸುಬು. ಬಟ್ಟೆ ನೇಯುವವರಿಗೆ ಅಂಚು ಬಾರದು, ಅಂಚು ಕಟ್ಟುವವರಿಗೆ ಬಟ್ಟೆ ಬಾರದು. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಹೊತ್ತಿನಲ್ಲಿ ಕೂತು, ಸರದಿಯಂತೆ ಎಳೆ ಹಾಕಿದರೆ ಮಾತ್ರ ಒಂದು ನಿಲುವಂಗಿ ಮುಗಿಯುತ್ತದೆ. ಕೂತಲ್ಲೇ ಮಾತಾಡಬಹುದು, ಮನೆಗೆ ಇಬ್ಬರು ಒಡೆಯರಾಗಬಹುದು, ಯಾರೂ ಕೆಡವುವುದಿಲ್ಲ. ಇಂಥ ಆಟವನ್ನು ನಾನು ಹಿಂದೆ ಎರಡೇ ದಿನದಲ್ಲಿ ಬೇಸತ್ತು ಬಿಟ್ಟಿದ್ದೆ. ಅತ್ತೆ ನಿಯಮಗಳನ್ನು ಕೇಳಿ, "ಇದು ಬರೋಬರಿ ಐತಿ. ಇದನ್ನ ಮಾಡಿದಾಂವ ಮಗ್ಗ ನೋಡ್ಯಾನ" ಎಂದಳು.

ವೇಷ ಆರಿಸುವಾಗ ಪುಟ್ಟ ತಕರಾರು. ಹೆಂಗಸರೆಲ್ಲ ಬಳುಕುವ ಸೊಂಟದವರು, ಕೈಯಲ್ಲಿ ಬಿಲ್ಲು. "ಇವ್ರು ಉಂಡು ಎಷ್ಟು ದಿನಾ ಆತು?" ಎಂದು ಒಬ್ಬೊಬ್ಬರನ್ನೂ ತಳ್ಳಿ, ಕಡೆಗೆ ಗಡ್ಡದ ಒಬ್ಬ ಕುಳ್ಳನನ್ನು ಒಪ್ಪಿದಳು. "ಗಡ್ಡ ಇದ್ರ ಇರ್ಲಿ. ಕೂಡಾಕ ಬುಡ ಗಟ್ಟಿ ಐತಿ."

ಪುಣೆಯಲ್ಲಿ ವದಿನಮ್ಮನಿಗೆ ಹಿರಿಯ ಮೊಮ್ಮಗಳು ಕಲಿಸಿಕೊಟ್ಟಳು. ಮಧ್ಯಾಹ್ನ ಎರಡಕ್ಕೆ ಇಬ್ಬರೂ ಆಟದ ಮನೆಯಲ್ಲಿ ಕೂಡಬೇಕೆಂದಾಯಿತು. ಮೊದಲ ದಿನ ಹತ್ತು ನಿಮಿಷ ಮಾತಿಲ್ಲ, ಬರೀ ಎಳೆ. ಆಮೇಲೆ ವದಿನಮ್ಮ ಇದ್ದಕ್ಕಿದ್ದಂತೆ ತೆಲುಗಿನಲ್ಲಿ, "ವದಿನಾ, ಇಲ್ಲಿಯ ನೀರಿಗೆ ಬೇಳೆಯೇ ಬೇಯುವುದಿಲ್ಲ" ಎಂದು ಶುರು ಮಾಡಿದರು. ಅತ್ತೆ ಕಣ್ಣು ಎತ್ತದೆ, "ನೀ ಮೊದಲಿಂದ ಗಡಿಬಿಡಿ. ರಾತ್ರಿನ ನೆನಿ ಇಡಬೇಕು" ಎಂದಳು. ನಾಲ್ಕೂವರೆವರೆಗೆ ನಿಲ್ಲಲಿಲ್ಲ. ಅತ್ತೆಗೆ ಪರದೆಯ ಇಂಗ್ಲಿಷ್ ಓದಲು ಬಾರದ್ದರಿಂದ ನಾನು ಪಕ್ಕದಲ್ಲೇ ಇರಬೇಕಾಯಿತು, ನನ್ನ ಆಟ ಹಾಗೇ ನಿಂತಿತು.

ಅವರ ನಿಲುವಂಗಿಗಳಿಗೆ ಆ ಆಟದಲ್ಲಿ ಹೆಸರು ಬಂತು. ಎಲ್ಲೆಲ್ಲಿಯವರೋ ಬರುತ್ತಿದ್ದರು. ಬಂದವರು ಪಡಸಾಲೆಯಲ್ಲಿ ಕೂತ ಮೇಲೆಯೇ ಮಾಲು ತೋರಿಸುವುದು ಅತ್ತೆಯ ಕಟ್ಟಳೆ. "ಗಿರಾಕಿ ಬಾಗಿಲಾಗ ನಿಂತು ಹೋಗಬಾರದು." ಎಂಟು ಮಣೆ ಹಾಕಿಸಿದ್ದಳು. ಕತ್ತಿ, ಗುರಾಣಿ, ಕೊಂಬಿನ ಟೋಪಿಯ ವೀರರೆಲ್ಲ ಮಣೆಯ ಮೇಲೆ ಸಾಲಾಗಿ ಕೂತು ತಮ್ಮ ಸರದಿ ಕಾಯುವುದನ್ನು ನೋಡಿ ನಾನು ನಕ್ಕು ನಕ್ಕು ಸಾಕಾಗುತ್ತಿದ್ದೆ.

ಒಮ್ಮೆ ವದಿನಮ್ಮನ ಕಣ್ಣಿನ ಪೊರೆ ತೆಗೆಸಿದರು. ಕೆಲವು ದಿನ ಮೊಬೈಲ್ ನೋಡಕೂಡದು. ಅತ್ತೆ ದಿನಾ ಎರಡಕ್ಕೆ ಒಳಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದಳು. ನೋಡಲಾಗದೆ ನಾನೊಂದು ಬುದ್ಧಿವಂತಿಕೆ ಮಾಡಿದೆ. ಇನ್ನೊಂದು ವೇಷ ತೆರೆದು, ವದಿನಮ್ಮನ ಕಸುಬು ಕಲಿತು, ಅವರ ಮಣೆಯ ಮೇಲೆ ಹೋಗಿ ಕೂತೆ. "ಅತ್ತೀ, ಇನ್ನ ಕೆಲಸ ನಿಲ್ಲಂಗಿಲ್ಲ."

ಅತ್ತೆ ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿದಳು. "ನನಗ ನಿಲುವಂಗಿ ಬೇಕಾಗಿತ್ತೇನೋ? ಆಕಿ ಬಂದು ನೋಡಿದ್ರ ಏನು ತಿಳೀತಾಳ, ನಾ ಇಲ್ದಿದ್ರೂ ನಡೀತೈತಿ ಅಂತ ತಿಳಿಯಂಗಿಲ್ಲೇನು? ಏಳು ಅಲ್ಲಿಂದ." ಎರಡು ದಿನ ನನ್ನೊಡನೆ ಮಾತಿಲ್ಲ. ಚಹಾ ಸೊಸೆಯ ಕೈಯಲ್ಲಿ ಬಂತು. ನಾನು ಆ ವೇಷ ಅಳಿಸಿದ ಮೇಲೆಯೇ ಮುಖ ಸಡಿಲವಾಯಿತು. ನನಗೆ ಆಗ ಸಿಟ್ಟೇ ಬಂದಿತ್ತು, ಉಪಕಾರಕ್ಕೆ ಹೋದವನಿಗೆ ಇದೇನು ಶಿಕ್ಷೆ ಎಂದು. ಅವಳು ಹೇಳಿದ್ದು ಎಷ್ಟು ಸರಿ ಎಂದು ತಿಳಿದದ್ದು ನಿಧಾನಕ್ಕೆ.

ಎರಡು ವರ್ಷ ಹೀಗೆ ನಡೆಯಿತು. ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ವಿಭೂತಿ ಹಚ್ಚಿಕೊಂಡು ಎದ್ದವಳು ಎದೆ ಹಿಡಿದು ಕೂತಳು. ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಾಗ ಅವಳ ತಲೆ ನನ್ನ ಭುಜದ ಮೇಲಿತ್ತು. "ಎರಡಕ್ಕ ವದಿನ ಕಾಯ್ತಾಳ. ಇವತ್ತು ಬರಂಗಿಲ್ಲಂತ ಹೇಳಿಬಿಡಪಾ" ಎಂದಳು. ಹೂಂ ಎಂದೆ. ಹನ್ನೊಂದೂವರೆಗೆ ಅವಳು ಹೋದಳು. ಆಮೇಲೆ ಮಂದಿ, ಅಳು, ಓಡಾಟ. ನಾನು ಹೇಳಲಿಲ್ಲ. ಮರೆತುಬಿಟ್ಟೆ. ಪುಣೆಗೆ ಸುದ್ದಿ ಮುಟ್ಟಿದ್ದು ದೀಪ ಹಚ್ಚುವ ಹೊತ್ತಿಗೆ, ಬೇರೆ ಯಾರಿಂದಲೋ. ಅಲ್ಲಿಯತನಕ ವದಿನಮ್ಮ ಆಟದ ಮನೆಯಲ್ಲಿ ಕಾಯುತ್ತ ಕೂತಿದ್ದರಂತೆ.

ಅವಳು ನನಗೆ ಒಪ್ಪಿಸಿದ ಕೊನೆಯ ಕೆಲಸ ಅದು. ಅದನ್ನು ಮಾಡಲಿಲ್ಲ ಎಂಬುದನ್ನು ಯಾರ ಮುಂದೂ ಬಾಯಿಬಿಡಲಾಗಲಿಲ್ಲ. ವದಿನಮ್ಮ ಮಣ್ಣಿಗೆ ಬಂದಾಗ ಅವರ ಕಣ್ಣು ತಪ್ಪಿಸಿ ಓಡಾಡಿದೆ.

ತಿಂಗಳು ಕಳೆಯಿತು. ಆಟ ತೆರೆದಾಗಲೆಲ್ಲ ಮಧ್ಯಾಹ್ನ ಎರಡರಿಂದ ವದಿನಮ್ಮನ ಹೆಸರಿನ ಮುಂದೆ ಹಸಿರು ಚುಕ್ಕೆ ಕಾಣುತ್ತಿತ್ತು. ಒಬ್ಬರೇ. ಒಬ್ಬರಿಂದ ಆಗದ ಆಟವನ್ನೇ ಹುಡುಕಿ ಹುಡುಕಿ ಆರಿಸಿದ್ದೆವಲ್ಲ, ಈಗ ಆ ಮುದುಕಿ ಅರ್ಧ ಬಟ್ಟೆ ಹಿಡಿದು ಕೂತಿದ್ದಾರೆ ಎಂದುಕೊಂಡು ಆಟ ಮುಚ್ಚಿಬಿಡುತ್ತಿದ್ದೆ. ಒಂದು ದಿನ ಅವರೇ ಫೋನ್ ಮಾಡಿದರು.

"ನಾಯನಾ" ಎಂದರು, ಮಗನನ್ನು ಕರೆಯುವ ಹಾಗೆ. "ಒಡಲು ಹದಿನಾಲ್ಕು ಬಿದ್ದಾವ. ಅಂಚಿಲ್ದ ಯಾರಿಗೆ ಕೊಡ್ಲಿ? ಅಂಚು ಕಲ್ತು ಬಾ."

"ಅತ್ತಿ ಜಾಗಾದಾಗ ನಾ ಕೂಡಂಗಿಲ್ಲ ದೊಡ್ಡವ್ವಾ. ಆಕಿಗೆ ಸೇರಂಗಿಲ್ಲ."

"ನಾ ಬದುಕಿದ್ದೆ, ಅದಕ್ಕ ನನ್ನ ಜಾಗಾದಾಗ ಕೂಡಬ್ಯಾಡಂದ್ಲು. ಆಕಿ ಬರೋಕಿಂತ ಮೊದ್ಲು ಅಂಚಿಗೆ ನನ್ನ ಗಂಡನ ಅವ್ವ ಕೂಡ್ತಿದ್ಲು. ಆಯಮ್ಮ ಹೋದ ಮ್ಯಾಲೆ ಮೂರು ತಿಂಗಳು ಯಾರನ್ನೂ ಕೂಡಸಲಿಲ್ಲ ನಾನು. ಆಮ್ಯಾಲೆ ನಿಮ್ಮತ್ತಿನ್ನ ನಾನ ಕೈ ಹಿಡಿದು ಕರಕೊಂಡು ಹೋದೆ. ಬಾ."

ಹೊಸ ವೇಷ ತೆಗೆದು, ಅಂಚಿನ ಕಸುಬನ್ನು ಮೊದಲಿಂದ ಕಲಿತು ಹೋಗಿ ಕೂತೆ. ಕೈ ಒರಟು, ಎರಡು ಸಾಲಿಗೊಂದು ಎಳೆ ಬಿಡುತ್ತಿತ್ತು. ವದಿನಮ್ಮ ತೆಲುಗಿನಲ್ಲಿ ಬಯ್ಯುತ್ತ ಬಿಚ್ಚಿಸುತ್ತಿದ್ದರು. ಅರ್ಧ ಗಂಟೆ ಆಗಿರಬೇಕು. ನಾನು ಯೋಚಿಸಿ ಹೇಳಿದ್ದಲ್ಲ, ಕೈ ಆಡುತ್ತಿದ್ದಂತೆ ಮಾತು ತಾನಾಗಿ ಹೊರಬಂತು. ಆಟೋ, ಭುಜದ ಮೇಲಿನ ತಲೆ, ಅವಳ ಮಾತು, ನಾನು ಹೇಳದೇ ಉಳಿದದ್ದು, ಎಲ್ಲ.

ಆ ಕಡೆಯಿಂದ ಒಡಲಿನ ಎಳೆ ಒಂದು ಬಂದು ಬಿತ್ತು.

"ಹೇಳಿದ್ರ ನಾ ಎದ್ದು ಹೋಗ್ತಿದ್ದೆ" ಎಂದರು ವದಿನಮ್ಮ. "ಹೇಳಲಿಲ್ಲ. ಈಗ ಬರ್ತಾಳ, ಈಗ ಬರ್ತಾಳ ಅಂತ ಸಂಜಿತನಕ ಕೂತೆ. ಊರಿಗೆಲ್ಲ ಆಕಿ ಮುಂಜಾನಿ ಹೋದ್ಲು. ನನಗ ಅರ್ಧ ದಿನಾ ಹೆಚ್ಚಿಗಿ ಇದ್ಲು, ನಾಯನಾ."

ನನಗೆ ಪರದೆ ಮಂಜಾಯಿತು. ಮತ್ತೆ ಎಳೆ ಬಿಟ್ಟೆ. "ನಿಲ್ಲಬ್ಯಾಡ, ಅಂಚು ಹಾಕು" ಎಂದರು.