ಗ್ಲೆಂಡಾ ರೌಶ್ ಅವರ ಮೂರನೆಯ ಟ್ರಕ್ಕು

ಮಾರ್ಚ್ ತಿಂಗಳ ಕೊನೆಯ ವಾರ. ಹಿಮ ಕರಗಿ ಬೇಲಿಯ ಬುಡದಲ್ಲಷ್ಟೇ ಬೆಳ್ಳಗೆ ಉಳಿದಿದೆ. ಅಂಗಳದ ಕೆಸರು ರಾತ್ರಿ ಕಲ್ಲಾಗಿ, ಬಿಸಿಲೇರಿದಂತೆ ಮತ್ತೆ ಕೆಸರಾಗುವ ಕಾಲ. ಓಹಾಯೊದ ಹೋಮ್ಸ್ ಕೌಂಟಿಯ ಗುಡ್ಡಗಳ ಹಿಂದೆ ಸೂರ್ಯ ಇನ್ನೂ ಮೂಡಿಲ್ಲ. ಐವತ್ತೆಂಟು ವರ್ಷದ ಗ್ಲೆಂಡಾ ರೌಶ್ ಟ್ರಕ್ಕನ್ನು ಹಿಂದಕ್ಕೆ ಸರಿಸಿ, ಕುದುರೆ ಟ್ರೈಲರಿನ ಉದ್ದನೆಯ ಕತ್ತನ್ನು ಅದರ ಬೆನ್ನಿನಲ್ಲಿರುವ ಉಕ್ಕಿನ ಗುಂಡಿನ ಮೇಲೆ ಕೂರಿಸುತ್ತಿದ್ದಾರೆ. ಸರಪಳಿ ಸಿಕ್ಕಿಸಿ, ಬ್ರೇಕಿನ ತಂತಿ ಜೋಡಿಸಿ, ಹಿಂದಿನ ದೀಪಗಳನ್ನು ಉರಿಸಿ ನೋಡುತ್ತಾರೆ. ಆಮೇಲೆ ಟ್ರೈಲರಿನೊಳಗೆ ಹೋಗಿ, ನೆಲದ ಹಲಗೆಗಳನ್ನು ಬೂಟಿನ ಹಿಮ್ಮಡಿಯಿಂದ ಒಂದೊಂದಾಗಿ ಗುದ್ದುತ್ತಾರೆ.

"ಮೇಲಿಂದ ನೋಡಿದ್ರೆ ಎಲ್ಲಾ ಚೆನ್ನಾಗೇ ಕಾಣ್ತದೆ. ಕೆಳಗೆ ಉಚ್ಚೆ ಇಳಿದು ಇಳಿದು ಲಡ್ಡಾಗಿರ್ತದೆ. ಒಂದು ಟನ್ನಿನ ಪ್ರಾಣಿ ಕಾಲು ಹಲಗೆ ಒಳಗೆ ಹೋಯ್ತು ಅಂದ್ರೆ, ಆಮೇಲೆ ಮುಂದೆ ಯಾವ ಎಂಜಿನ್ನಿದ್ರೆ ಏನು ಬಂತು?"

ಇವತ್ತು ಅಬ್ನರ್ ಮಾಸ್ಟ್ ಅವರ ಬೆಲ್ಜಿಯನ್ ತಳಿಯ ಭಾರಿ ಕುದುರೆಗಳು ಇಂಡಿಯಾನಾದ ಹರಾಜಿಗೆ ಹೋಗಬೇಕು. ವರ್ಷದ ಅತಿ ದೊಡ್ಡ ಬಾಡಿಗೆ ಇದೇ. ಅಬ್ನರ್ ತಮ್ಮ ರಸ್ತೆ ಬದಿಯ ಫೋನ್ ಗೂಡಿನಿಂದ ಕರೆ ಮಾಡಿ "ಗುರುವಾರ ಬೆಳಿಗ್ಗೆ ಬಾ" ಎಂದಷ್ಟೇ ಹೇಳಿ ಇಟ್ಟಿದ್ದಾರೆ. ಎಷ್ಟು ಕುದುರೆ ಎಂದು ಹೇಳಿಲ್ಲ. ಈ ಹೊಸ ಟ್ರಕ್ಕಿಗೆ ನಾಲ್ಕಕ್ಕಿಂತ ಹೆಚ್ಚು ಹತ್ತಿಸುವುದಿಲ್ಲವೆಂದು ಗ್ಲೆಂಡಾ ಚಳಿಗಾಲದಲ್ಲೇ ಎಲ್ಲರಿಗೂ ತಿಳಿಸಿದ್ದರು. ಅಬ್ನರ್ ಪ್ರತಿ ವರ್ಷ ಕಳಿಸುವುದು ಆರು. ಆರನ್ನು ಹೊರಗೆ ತಂದು ನಿಲ್ಲಿಸಿದರೆ ಮುಖದ ಮೇಲೇ ಆಗುವುದಿಲ್ಲ ಎನ್ನಬೇಕು. ಹಾಗೆಂದರೆ, ಪಕ್ಕದ ಊರಿನ ದೊಡ್ಡ ಡೀಸೆಲ್ ಟ್ರಕ್ಕಿನವನು ನಾಳೆಯೇ ಅವರ ಅಂಗಳದಲ್ಲಿರುತ್ತಾನೆ. ಅಬ್ನರ್ ಹೋದ ದಾರಿಯಲ್ಲಿ ಅರ್ಧ ಸೀಮೆ ಹೋಗುತ್ತದೆ.

ಅಬ್ನರ್ ಅವರಂಥ ಈ ಕಡೆಯ ಆಮಿಶ್ ಜನ ಉಳುವುದು ಕುದುರೆಯಲ್ಲಿ, ಓಡಾಡುವುದು ಕುದುರೆ ಗಾಡಿಯಲ್ಲಿ. ಅವರ ಧರ್ಮದ ಕಟ್ಟಳೆಯಂತೆ ಮೋಟಾರು ಗಾಡಿ ಇಟ್ಟುಕೊಳ್ಳುವಂತಿಲ್ಲ, ಓಡಿಸುವಂತಿಲ್ಲ. ಬಾಡಿಗೆ ಕೊಟ್ಟು ಹತ್ತಬಹುದು. ಓಡಿಸುವವರೆಲ್ಲ ಅವರ ಬಾಯಲ್ಲಿ "ಇಂಗ್ಲಿಷರು". "ನಮ್ಮಜ್ಜನ ಅಜ್ಜ ಹಡಗು ಹತ್ತಿ ಬಂದಿದ್ದು ಜರ್ಮನಿಯಿಂದ. ಇವರಜ್ಜಂದಿರ ಹಾಗೇನೇ. ಆದ್ರೂ ಸ್ಟಿಯರಿಂಗ್ ಹಿಡಿದಿದ್ದಕ್ಕೆ ನಾನು ಇಂಗ್ಲಿಷಿನವಳಾದೆ ನೋಡಿ" ಎಂದು ಗ್ಲೆಂಡಾ ನಗುತ್ತಾರೆ. ಇಂಥ ಚಾಲಕರಲ್ಲಿ ಹೆಚ್ಚಿನವರು ವ್ಯಾನಿನಲ್ಲಿ ಮನುಷ್ಯರನ್ನು ಸಾಗಿಸುವವರು. ಗ್ಲೆಂಡಾ ಸಾಗಿಸುವುದು ಕುದುರೆಗಳನ್ನು.

ಮೊದಲು ಅವರು ಚೀಸ್ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದರು. ಪಕ್ಕದ ಮನೆಯ ಹೆಣ್ಣು ಕುದುರೆಗೆ ಹೊಟ್ಟೆಶೂಲೆ ಬಂದಾಗ ಅಣ್ಣನ ಟ್ರಕ್ಕು ಕಡ ತಂದು ಆಸ್ಪತ್ರೆಗೆ ಮುಟ್ಟಿಸಿದ್ದೇ ಮೊದಲ ಬಾಡಿಗೆ. ಕುದುರೆ ಬದುಕಿತು, ಸುದ್ದಿ ಒಂದು ಭಾನುವಾರದ ಪ್ರಾರ್ಥನೆ ಮುಗಿಯುವುದರೊಳಗೆ ಎಲ್ಲೆಡೆ ಹಬ್ಬಿತು. ಅದಾಗಿ ಇಪ್ಪತ್ತಾರು ವರ್ಷ. ಈ ನಡುವೆ ಗಂಡ ಬೇರೆಯಾದ. ಒಂದು ಗಂಡು ಕುದುರೆ ಒದ್ದು ಎಡ ಭುಜದ ಮೂಳೆ ಮುರಿಯಿತು. ಸರಪಳಿಗೆ ಸಿಕ್ಕಿ ಕಿರುಬೆರಳಿನ ತುದಿ ಹೋಯಿತು. "ಬಲಗೈದಲ್ಲ, ಪುಣ್ಯ" ಎನ್ನುತ್ತಾರೆ.

ದಿನಕ್ಕೆ ಏಳೆಂಟು ಓಡಾಟ. ಎಲ್ಲವೂ ಮೂರು ಮೈಲಿ, ಐದು ಮೈಲಿ, ಹೆಚ್ಚೆಂದರೆ ಹತ್ತು. ಕುಂಟುವ ಕುದುರೆಯನ್ನು ಲಾಳ ಕಟ್ಟುವವನ ಹತ್ತಿರ ಒಯ್ಯುವುದು, ಬೆದೆಗೆ ಬಂದದ್ದನ್ನು ಬೀಜದ ಕುದುರೆಯ ಹತ್ತಿರ ಬಿಡುವುದು, ಒಬ್ಬರ ಜೋಡಿಯನ್ನು ಇನ್ನೊಬ್ಬರ ಹೊಲಕ್ಕೆ ಮುಟ್ಟಿಸುವುದು. ಮುಟ್ಟಿಸಿ ಕಾಯಬೇಕು. ಬಾಡಿಗೆ ಮೈಲಿ ಲೆಕ್ಕದಲ್ಲಿ. ಕಾಯುವುದಕ್ಕೆ ಕಾಸಿಲ್ಲ, ತಿನ್ನಲು ಒಂದು ತುಂಡು ಹಣ್ಣಿನ ಪೈ ಮಾತ್ರ ಸಿಗುತ್ತದೆ.

ಮೊದಲನೆಯ ಟ್ರಕ್ಕು ಹಳೆಯ ಕಾಲದ ಡೀಸೆಲ್. ಹತ್ತೊಂಬತ್ತು ವರ್ಷ ದುಡಿದು, ಚಳಿಗಾಲದ ರಸ್ತೆಗೆ ಚೆಲ್ಲುವ ಉಪ್ಪಿಗೆ ಅಡಿಗಟ್ಟು ತುಕ್ಕು ಹಿಡಿದು ಕುಸಿಯಿತು. ಎರಡನೆಯದು ಯಾವುದು ತರಬೇಕೆಂಬ ಮಾತು ಎದ್ದಾಗ ಸಲಹೆಗೆ ಬರವಿರಲಿಲ್ಲ. ಟ್ರಕ್ಕಿನ ಬಗ್ಗೆ ಟ್ರಕ್ಕು ಇಟ್ಟುಕೊಳ್ಳದವರಿಗೆ ಇರುವಷ್ಟು ಖಚಿತ ಅಭಿಪ್ರಾಯ ಇಟ್ಟುಕೊಂಡವರಿಗೂ ಇರುವುದಿಲ್ಲ. ಹಾಗೆಂದು ಅವರು ಎಂಜಿನ್ನು ತಿಳಿಯದವರೂ ಅಲ್ಲ. ಆಮಿಶರ ಮರಗೆಲಸದ ಶೆಡ್ಡುಗಳಿಗೆ ಕರೆಂಟಿನ ತಂತಿ ಬರುವುದಿಲ್ಲ. ಹಿತ್ತಿಲಿನ ಗೂಡಿನಲ್ಲಿ ಒಂದು ಡೀಸೆಲ್ ಎಂಜಿನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಗುಡುಗುಟ್ಟಿ ಗರಗಸಗಳನ್ನೆಲ್ಲ ತಿರುಗಿಸುತ್ತದೆ. ಅಬ್ನರ್ ಅವರ ಮರ ಕೊಯ್ಯುವ ಮಿಲ್ಲಿನಲ್ಲೂ ಅಂಥದ್ದೊಂದಿದೆ. ಅದನ್ನು ಪೂರ್ತಿ ಬಿಚ್ಚಿ ಜೋಡಿಸಬಲ್ಲ ಕೈ ಅವರದು.

"ಪೆಟ್ರೋಲ್ ಎಂಜಿನ್ನು ಹುಲ್ಲು ಕತ್ತರಿಸೋಕೆ ಕಣಮ್ಮ. ಭಾರ ಎಳೆಯೋದಕ್ಕೆ ಡೀಸೆಲ್ಲೇ ಬೇಕು" ಎಂದು ಅಬ್ನರ್ ತೀರ್ಪು ಕೊಟ್ಟರು. ಗ್ಲೆಂಡಾ ಬ್ಯಾಂಕಿನ ಸಾಲ ಮಾಡಿ, ಪೆಟ್ರೋಲಿನದಕ್ಕಿಂತ ಹತ್ತು ಸಾವಿರ ಡಾಲರು ಹೆಚ್ಚು ತೆತ್ತು, ಹೊಸ ಡೀಸೆಲ್ ತಂದರು.

ಅದರ ಗುಣವನ್ನು ಅವರು ಈಗಲೂ ಅಲ್ಲಗಳೆಯುವುದಿಲ್ಲ. ಆರು ಕುದುರೆ ಎಳೆದುಕೊಂಡು ಈ ಸೀಮೆಯ ಕಡಿದಾದ ಕೀಮ್ ದಿಬ್ಬವನ್ನು ಉಸಿರು ಬದಲಿಸದೆ ಹತ್ತುತ್ತಿತ್ತು. ಇಳಿಜಾರಿನಲ್ಲಂತೂ ಎಂಜಿನ್ನೇ ಹಿಂದಕ್ಕೆ ಜಗ್ಗಿ ಹಿಡಿಯುತ್ತಿತ್ತು. ಬ್ರೇಕು ಬಿಸಿಯೇರುತ್ತಿರಲಿಲ್ಲ, ಕುದುರೆಗಳು ಮುಗ್ಗರಿಸುತ್ತಿರಲಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಈಗಿನ ಡೀಸೆಲ್ ಟ್ರಕ್ಕುಗಳ ಹೊಗೆ ಕೊಳವೆಯಲ್ಲಿ ಮಸಿ ಸೋಸುವ ಒಂದು ಡಬ್ಬಿ ಇರುತ್ತದೆ. ಟ್ರಕ್ಕು ಬಹಳ ದೂರ, ಚೆನ್ನಾಗಿ ಕಾದು ಓಡಿದರೆ ಆ ಮಸಿ ತಾನೇ ಸುಟ್ಟು ಹೋಗುತ್ತದೆ. ಮೂರು ಮೈಲಿ ಓಡಿ ಒಂದು ಗಂಟೆ ನಿಂತಲ್ಲೇ ಗುರುಗುಟ್ಟಿದರೆ ಕಟ್ಟಿಕೊಳ್ಳುತ್ತದೆ. ಹಳೆಯ ಟ್ರಕ್ಕಿಗೆ ಈ ಡಬ್ಬಿ ಇರಲಿಲ್ಲ. ಅಬ್ನರ್ ಅವರ ಮಿಲ್ಲಿನ ಎಂಜಿನ್ನಿಗೂ ಇಲ್ಲ. ಹೀಗಾಗಿ ಸಲಹೆ ಕೊಟ್ಟ ಯಾರಿಗೂ ಅದು ಹೊಳೆಯಲಿಲ್ಲ.

"ಸೂಚನೆ ದೀಪ ಹತ್ತಿಕೊಂಡ್ರೆ ಖಾಲಿ ಟ್ರಕ್ಕು ತಗೊಂಡು ಹೆದ್ದಾರೀಲಿ ಇಪ್ಪತ್ತು ಮೈಲಿ ಹೋಗಿ ವಾಪಸ್ ಬರ್ತಿದ್ದೆ. ದಿನಾ ಸಂಜೆ ನಾಯಿ ತಿರುಗಾಡಿಸ್ತಾರಲ್ಲ, ಹಂಗೆ. ಯಾರಾದ್ರೂ ಎಲ್ಲಿಗೆ ಹೊರಟೆ ಗ್ಲೆಂಡಾ ಅಂದ್ರೆ ಏನಂತ ಹೇಳೋದು?"

ಚಳಿಗಾಲದ ಪಾಡು ಇನ್ನೊಂದು. ಕೊರೆವ ರಾತ್ರಿಗಳಲ್ಲಿ ಡೀಸೆಲ್ ಎಂಜಿನ್ನಿಗೆ ಕರೆಂಟಿನ ತಂತಿ ಸಿಕ್ಕಿಸಿ ಬೆಚ್ಚಗಿಡಬೇಕು. ಹಿಮಬಿರುಗಾಳಿಗೆ ಸಿಕ್ಕಿ ಆಮಿಶರ ಮನೆಯಲ್ಲೇ ಉಳಿದರೆ, ಇಡೀ ಮನೆ ಹುಡುಕಿದರೂ ಒಂದು ಪ್ಲಗ್ಗು ಸಿಗುವುದಿಲ್ಲ. ಅಬ್ನರ್ ಅವರ ಹೆಂಡತಿ ಸವಿಲ್ಲಾ ಒಮ್ಮೆ ಟ್ರಕ್ಕಿನ ಮೂತಿಗೆ ಎರಡು ಕುದುರೆ ಕಂಬಳಿ ಹೊದಿಸಿ, ಮಗುವಿಗೆ ಮಾಡಿದಂತೆ ಅಂಚು ಸಿಕ್ಕಿಸಿ ಬಂದಿದ್ದರಂತೆ. ಬೆಳಿಗ್ಗೆ ಅದು ಏಳಲಿಲ್ಲ.

ಹೋದ ಅಕ್ಟೋಬರಿನಲ್ಲಿ ಆಗಬಾರದ್ದು ಆಯಿತು. ಆರು ಕುದುರೆ ಹಿಂದೆ, ಅಬ್ನರ್ ಮತ್ತು ಅವರ ಇಬ್ಬರು ದೊಡ್ಡ ಮಕ್ಕಳು ಒಳಗೆ. ಕೀಮ್ ದಿಬ್ಬದ ಅರ್ಧಕ್ಕೆ ಬಂದಾಗ ದೀಪ ಹತ್ತಿತು. ಮಸಿ ಕಟ್ಟಿದ ಎಂಜಿನ್ನು ತನ್ನನ್ನು ತಾನು ಉಳಿಸಿಕೊಳ್ಳಲು ಶಕ್ತಿ ಇಳಿಸಿಬಿಟ್ಟಿತು. ಟ್ರಕ್ಕು ತೆವಳಿ ನಿಂತಿತು. ಅಬ್ನರ್ ಮಕ್ಕಳೊಂದಿಗೆ ಇಳಿದರು. ಕುದುರೆಗಳನ್ನು ಇಳಿಸಿದರು. ಹರಾಜಿನಲ್ಲಿ ತೋರಿಸಲೆಂದು ಒಯ್ಯುತ್ತಿದ್ದ ಸರಂಜಾಮನ್ನು ಟ್ರೈಲರಿನ ಮುಂದಿನ ಪೆಟ್ಟಿಗೆಯಿಂದ ತೆಗೆದು, ನಾಲ್ಕಕ್ಕೆ ತೊಡಿಸಿ, ಟ್ರಕ್ಕಿನ ಮುಂದೆ ಸರಪಳಿ ಹಾಕಿದರು. ಗ್ಲೆಂಡಾ ಸ್ಟಿಯರಿಂಗ್ ಹಿಡಿದು ಕೂತರು. ನಾಲ್ಕು ಬೆಲ್ಜಿಯನ್‌ಗಳು ಟ್ರಕ್ಕನ್ನೂ ಟ್ರೈಲರನ್ನೂ ದಿಬ್ಬದ ನೆತ್ತಿಗೆ ಎಳೆದು ನಿಲ್ಲಿಸಿದವು. ಪ್ರವಾಸಿಗರು ಕಾರು ನಿಲ್ಲಿಸಿ ಫೋಟೋ ಹೊಡೆದುಕೊಂಡರು. ಆಮಿಶ್ ರೂಢಿಯಂತೆ ಫೋಟೋಗೆ ಮುಖ ಕೊಡದ ಅಬ್ನರ್ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ನಡೆದರು.

"ಚಳಿಗಾಲ ಪೂರ್ತಿ ಅದೇ ಮಾತು. ಗ್ಲೆಂಡಾ, ನಿನ್ನ ಟ್ರಕ್ಕಿಗೆ ಓಟ್ಸ್ ಹಾಕಿದ್ಯಾ? ಗ್ಲೆಂಡಾ, ಲಾಳ ಕಟ್ಟಿಸಿದ್ಯಾ? ಲಾಳ ಕಟ್ಟೋನಂತೂ ನಾಲ್ಕೂ ಟಯರಿಗೆ ರೇಟು ಹೇಳಿದ."

ಟ್ರಕ್ಕನ್ನು ರಿಪೇರಿ ಮಾಡುವ ಡ್ವೇನ್ ಕೊಟ್ಟ ಉತ್ತರವನ್ನು ಮಾತ್ರ ಅವರು ನಗದೆ ಹೇಳುತ್ತಾರೆ. "ನಿನ್ನ ಗಾಡಿಗೆ ರೋಗ ಇಲ್ಲ ಗ್ಲೆಂಡಾ, ಅದಕ್ಕೆ ಕೆಲಸ ಸಾಲ್ದು, ಅಂದ. ಎಷ್ಟು ಭಾರ ಎಳೀತೀಯ ಅಂತ ಎಲ್ಲಾರೂ ಕೇಳಿದಾರೆ. ಎಷ್ಟು ದೂರ ಎಳೀತೀಯ ಅಂತ ಯಾರಾದ್ರೂ ಕೇಳಿದ್ರಾ? ವರ್ಷಕ್ಕೆ ನಾಲ್ಕು ಸಲ ದೊಡ್ಡ ಭಾರ. ಉಳಿದ ದಿನ ಎರಡು ಕುದುರೆ, ಮೂರು ಮೈಲಿ. ಆ ನಾಲ್ಕು ದಿನಕ್ಕೋಸ್ಕರ ವರ್ಷವೆಲ್ಲಾ ಅದನ್ನ ಉಪವಾಸ ಕೆಡವಿದ್ದೀಯ, ಅಂದ."

ಗ್ಲೆಂಡಾ ಡಿಸೆಂಬರಿನಲ್ಲಿ ಡೀಸೆಲ್ಲನ್ನು ನಷ್ಟಕ್ಕೆ ಮಾರಿ ಪೆಟ್ರೋಲ್ ಟ್ರಕ್ಕು ತಂದರು. ಭಾರವಿದ್ದಾಗ ಅದು ಪೆಟ್ರೋಲನ್ನು ನೀರಿನಂತೆ ಕುಡಿಯುತ್ತದೆ. ಇಳಿಜಾರಿನಲ್ಲಿ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಕಂಪನಿಯ ಕಾಗದದ ಪ್ರಕಾರ ಆರು ಕುದುರೆ ಎಳೆಯಬಹುದು. "ಕಾಗದ ಕೀಮ್ ದಿಬ್ಬ ಇಳಿದಿಲ್ಲ. ನಾನು ಇಳಿದಿದೀನಿ. ಮಳೆ ಬಿದ್ದಾಗ, ಹಿಂದೆ ಆರು ಟನ್ನು ತಳ್ತಾ ಇರೋವಾಗ. ನಾಲ್ಕೇ."

ಸೂರ್ಯ ಮೂಡುವ ಹೊತ್ತಿಗೆ ಟ್ರಕ್ಕು ಅಬ್ನರ್ ಅವರ ಅಂಗಳದಲ್ಲಿದೆ. ಹಾಲಿನ ಕ್ಯಾನು ಹಿಡಿದು ತಿರುಗಿದ ಸವಿಲ್ಲಾ ಬೆಚ್ಚಿಬೀಳುತ್ತಾರೆ.

"ಅಯ್ಯೋ! ಸದ್ದಿಲ್ಲದೆ ಬಂದು ನಿಂತಿದೀಯಲ್ಲೇ! ಮೊದಲಾದ್ರೆ ನೀನು ಎರಡು ತಿರುವು ಆಚೆ ಇರೋವಾಗ್ಲೇ ನಾನು ಕಾಫಿ ಇಡ್ತಿದ್ದೆ."

"ಈಗ ಇಡು. ಕಾಯ್ತೀನಿ, ಕಾಸು ಕೊಡಬೇಡ."

ಕೊಟ್ಟಿಗೆಯ ಬಾಗಿಲು ಸರಿಯುತ್ತದೆ. ಹಿರಿಯ ಮಗ ಎರಡು ಕುದುರೆಗಳನ್ನು ಹೊರತರುತ್ತಾನೆ. ಅವುಗಳ ಹಿಂದೆ ಅಬ್ನರ್ ಇನ್ನೆರಡನ್ನು. ಗ್ಲೆಂಡಾ ಬಾಗಿಲನ್ನೇ ನೋಡುತ್ತಾ ನಿಲ್ಲುತ್ತಾರೆ. ಒಳಗೆ ಇನ್ನೂ ಗೊರಸಿನ ಸದ್ದಿದೆ. ಅಬ್ನರ್ ತಿರುಗಿ ಬಾಗಿಲು ಎಳೆದು ಅಗಳಿ ಹಾಕುತ್ತಾರೆ.

"ಇನ್ನೆರಡು?" ಎಂದು ಗ್ಲೆಂಡಾ ಕೇಳುತ್ತಾರೆ.

"ಅವು ಈ ವರ್ಷ ಇಲ್ಲೇ ಇರ್ಲಿ ಅನ್ನಿಸ್ತು."

"ಮೂರು ದಿನದಿಂದ ಅನ್ನಿಸ್ತಾ ಇದೆ ಪಾಪ, ನಿದ್ದೆ ಇಲ್ಲ" ಎಂದು ಸವಿಲ್ಲಾ ಅಡುಗೆಮನೆ ಮೆಟ್ಟಿಲಿನಿಂದ ಕೂಗುತ್ತಾರೆ. ಅಬ್ನರ್ ಕೇಳಿಸದವರಂತೆ ಕುದುರೆಗಳನ್ನು ಟ್ರೈಲರಿಗೆ ಹತ್ತಿಸತೊಡಗುತ್ತಾರೆ.

ಕೀಮ್ ದಿಬ್ಬದಲ್ಲಿ ಎಂಜಿನ್ನು ದನಿಯೆತ್ತುತ್ತದೆ. ಪಕ್ಕದಲ್ಲಿ ಕೂತ ಅಬ್ನರ್ ಕೈಗಳನ್ನು ಮೊಣಕಾಲಿನ ಮೇಲೆ ಬಿಗಿಯಾಗಿ ಇಟ್ಟುಕೊಂಡಿದ್ದಾರೆ.

"ಕೂಗ್ತದಲ್ಲ ಇದು."

"ಕೂಗ್ಲಿ. ಹತ್ತುತ್ತಾ ಇಲ್ವಾ?"

"ಹತ್ತುತ್ತೆ" ಎಂದು ಅಬ್ನರ್ ಒಪ್ಪುತ್ತಾರೆ.

ಇಳಿಜಾರಿನಲ್ಲಿ ಗ್ಲೆಂಡಾ ಮೊದಲೇ ಗೇರು ಇಳಿಸಿ, ಹಿಂದಿನ ಕಾರುಗಳು ಎಷ್ಟು ಹಾರನ್ ಹೊಡೆದರೂ ನಡಿಗೆಗಿಂತ ತುಸು ಬೇಗ, ಅಷ್ಟೇ, ಇಳಿಸುತ್ತಾರೆ. ಬುಡದಲ್ಲಿ ನಿಲ್ಲಿಸಿದಾಗ ಅಬ್ನರ್ ಹಿಂದೆ ಹೋಗಿ, ಕಿಟಕಿಯಿಂದ ಕೈ ತೂರಿಸಿ, ಒಂದೊಂದೇ ಕುದುರೆಯ ಕತ್ತಿನ ಬುಡ ಮುಟ್ಟುತ್ತಾರೆ. ಹೆದರಿದ ಕುದುರೆ ಮೊದಲು ಬೆವರುವುದು ಅಲ್ಲಿ. ಕೈಯನ್ನು ಒರೆಸಿಕೊಳ್ಳದೆಯೇ ವಾಪಸು ಬರುತ್ತಾರೆ; ಒರೆಸಿಕೊಳ್ಳಲು ಏನೂ ಇಲ್ಲ. ಒಳಗೆ ಕೂತವರೇ ಕೋಟಿನಿಂದ ಒಂದು ಲಕೋಟೆ ತೆಗೆದು ಇಬ್ಬರ ನಡುವಿನ ಸೀಟಿನ ಮೇಲಿಡುತ್ತಾರೆ.

"ಏನಿದು?"

"ಆ ಡೀಸೆಲ್ಲಲ್ಲಿ ನೀನು ಕಳ್ಕೊಂಡಿದ್ದು. ಅರ್ಧ."

"ತಗೊಂಡವಳು ನಾನು."

"ತಗೋ ಅಂದವನು ನಾನು."

ಗ್ಲೆಂಡಾ ಲಕೋಟೆಯನ್ನು ಬಿಚ್ಚದೆ ಅವರ ಕೋಟಿನ ಜೇಬಿಗೇ ತುರುಕಿ, ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿ, ಗೇರು ಹಾಕುತ್ತಾರೆ. ಮುಂದೆ ಇಂಡಿಯಾನಾಕ್ಕೆ ಇನ್ನೂ ನಾಲ್ಕು ಗಂಟೆಯ ದಾರಿ. ಸ್ವಲ್ಪ ದೂರ ಹೋದ ಮೇಲೆ ಅಬ್ನರ್ ಕಿಟಕಿಯ ಕಡೆಗೇ ಹೇಳುತ್ತಾರೆ:

"ಹಂಗಾದ್ರೆ ಸಾಲ ನನ್ನ ತಲೆ ಮೇಲೇ ಉಳೀತದೆ."

"ಉಳೀಲಿ ಬಿಡು ಅಬ್ನರ್. ಅದು ಇರೋವರೆಗೂ ನೀನು ಇನ್ನೊಬ್ಬರ ಟ್ರಕ್ಕು ಹತ್ತಲ್ಲ."