ಅಜ್ಜನ ಎಡಬದಿ

ಕಾಪು ಪೇಟೆಯಲ್ಲಿ ನನ್ನ ಅಜ್ಜನ ಕಣ್ಣಿನ ಕ್ಲಿನಿಕ್ ಇದ್ದದ್ದು ಮಹಡಿಯ ಮೇಲೆ. ಕಣ್ಣು ಕಾಣದವರು ಮೆಟ್ಟಿಲು ಹತ್ತುವುದು ಹೇಗೆ ಎಂದು ಅಮ್ಮ ಕೇಳಿದರೆ, "ಇಳಿಯುವಾಗ ಕಾಣುತ್ತದಲ್ಲ" ಎನ್ನುತ್ತಿದ್ದರು. ತಾವು ಮಾತ್ರ ಎಪ್ಪತ್ತು ದಾಟಿದ ಮೇಲೂ ಎರಡೆರಡು ಮೆಟ್ಟಿಲು ಹಾರಿ ಹತ್ತುವವರು. ಕಾಲೇಜಿನಲ್ಲಿ ಲಾಂಗ್ ಜಂಪ್ ಮಾಡಿದ ಕಾಲುಗಳು. ಬೆಳಿಗ್ಗೆ ಕಡಲ ಬದಿಯಲ್ಲಿ ಓಟ, ಸಂಜೆ ಕ್ಲಿನಿಕ್ ಮುಚ್ಚಿದ ಕೂಡಲೇ ಶಟಲ್ ಬ್ಯಾಡ್ಮಿಂಟನ್. ಆಪರೇಷನ್ ಮಾಡುವುದನ್ನು ಬಿಟ್ಟಿದ್ದರು, ಆದರೆ ಗುರುವಾರ ತಾವೇ ಕಾರು ಬಿಟ್ಟುಕೊಂಡು ಕಾರ್ಕಳಕ್ಕೆ ಹೋಗಿ ಅಲ್ಲಿಯ ರೋಗಿಗಳನ್ನು ನೋಡಿ ಬರುತ್ತಿದ್ದರು.

ಅವರದ್ದು ಒಂದೇ ಬೈಗುಳ. ತಡವಾಗಿ ಬಂದವರ ಕಣ್ಣಿಗೆ ಟಾರ್ಚು ಹಿಡಿದು, "ಇಷ್ಟು ದಿನ ಎಂತ ಮಾಡುತ್ತಿದ್ದಿರಿ?" ಎಂದು ಕೇಳುವುದು. ಮೀನು ಮಾರುವ ಹೆಂಗಸರಿಂದ ಹಿಡಿದು ದುಬೈಯಿಂದ ರಜೆಗೆ ಬಂದವರವರೆಗೆ ಎಲ್ಲರೂ ಅದನ್ನು ಕೇಳಿಸಿಕೊಂಡವರೇ. ಹೋದ ದೃಷ್ಟಿ ಹಿಂದೆ ಬರುವುದಿಲ್ಲ ಎಂಬ ಸಿಟ್ಟು ಅದು. ಅವರ ಕಾಲುಗಳು ನನಗೆ ಬರಲಿಲ್ಲ, ಸಿಟ್ಟು ಮಾತ್ರ ಪೂರ್ತಿ ಬಂತು.

ನಾನು ಚಿಕ್ಕವಳಿದ್ದಾಗ, ರೋಗಿಗಳು ಇಲ್ಲದ ಹೊತ್ತು ನೋಡಿ ನನ್ನೆದುರು ಸ್ಟೂಲ್ ಹಾಕಿ ಕೂರುತ್ತಿದ್ದರು. "ನನ್ನ ಮೂಗನ್ನೇ ನೋಡು. ಕಣ್ಣು ಆಚೀಚೆ ಹೋದರೆ ಔಟ್." ಆಮೇಲೆ ಬದಿಯಿಂದ ಮೆಲ್ಲ ಕೈ ತಂದು, "ಎಷ್ಟು ಬೆರಳು?" ಸರಿ ಹೇಳಿದರೆ ಪೆಪ್ಪರ್‌ಮಿಂಟು. ಅದು ಆಟವಲ್ಲ, ಬದಿಯ ನೋಟದ ಪರೀಕ್ಷೆ ಎಂದು ಗೊತ್ತಾಗಲು ನನಗೆ ಬಹಳ ವರ್ಷ ಬೇಕಾಯಿತು.

ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಭಾನುವಾರಗಳಲ್ಲಿ ಮನೆಗೆ ಬರುತ್ತಿದ್ದೆ. ಒಂದು ಸಂಜೆ ಶಟಲ್ ಆಟಕ್ಕೆ ಒಬ್ಬರು ಕಡಿಮೆಯಾಗಿ, ಅಜ್ಜನ ಎದುರು ನನ್ನನ್ನು ನಿಲ್ಲಿಸಿದರು. ನನ್ನ ಜೊತೆಗೆ ಆಡಿದವರು ನಿವೃತ್ತ ಬ್ಯಾಂಕ್ ಮ್ಯಾನೇಜರು.

"ಎರಡು ವರ್ಷದಿಂದ ನನ್ನನ್ನು ಸೋಲಿಸಿದವರು ಇಲ್ಲ, ಗೊತ್ತುಂಟಾ?" ಎಂದರು ಅಜ್ಜ.

ಹೌದಾ, ತಾಳಿ ಹಾಗಾದರೆ ಎಂದು ಅವರ ಎಡಕ್ಕೆ ಒಂದು ಬಾರಿಸಿದೆ. ಅಜ್ಜ ಅಲ್ಲಾಡಲಿಲ್ಲ. ಅಲ್ಲಿಗೇ ಇನ್ನೊಂದು. ಶಟಲ್ ನೆಲಕ್ಕೆ ಬಿದ್ದ ಸದ್ದಿಗೆ ತಿರುಗಿ ಹುಡುಕಿದರು. ನನಗೋ ಖುಷಿಯೇ ಖುಷಿ. ಆಗ ಮ್ಯಾನೇಜರು ಹತ್ತಿರ ಬಂದು ಪಿಸುಗುಟ್ಟಿದರು: "ಎಡಕ್ಕೆ ಹಾಕಬೇಡ ಮಗಾ. ಡಾಕ್ಟ್ರಿಗೆ ಆ ಬದಿ ಸರಿ ಕಾಣುವುದಿಲ್ಲ. ನಾವು ಯಾರೂ ಹಾಕುವುದಿಲ್ಲ."

ಅಲ್ಲಿದ್ದವರೆಲ್ಲ ಅಜ್ಜನಿಂದ ಕಣ್ಣಿನ ಪೊರೆ ತೆಗೆಸಿಕೊಂಡವರು. ಕಣ್ಣಿನ ಡಾಕ್ಟ್ರಿಗೇ ಕಣ್ಣಿನ ವಿಷಯ ಹೇಳುವುದು ಹೇಗೆ ಎಂದು ಸುಮ್ಮನಿದ್ದರಂತೆ. ಎಂಥ ಮರ್ಯಾದೆ ಇದು! ಈ ಮನುಷ್ಯ ಪ್ರತಿ ಗುರುವಾರ ಕಾರ್ಕಳಕ್ಕೆ ಕಾರು ಬಿಡುತ್ತಾರೆ ಮಾರಾಯ್ರೆ!

ಮನೆಗೆ ಬಂದವಳೇ ಅವರೆದುರು ಸ್ಟೂಲ್ ಹಾಕಿದೆ. "ಬಲಗಣ್ಣು ಮುಚ್ಚಿ. ನನ್ನ ಮೂಗನ್ನೇ ನೋಡಿ. ಎಷ್ಟು ಬೆರಳು?"

"ಎರಡು."

"ಈಗ?"

"ಮೂರು."

"ಅಜ್ಜ, ನಾನು ಕೈ ಎತ್ತಲೇ ಇಲ್ಲ."

ಬಲಗಣ್ಣಿನ ಮೇಲಿಟ್ಟ ಕೈಯನ್ನು ಅಜ್ಜ ತೆಗೆಯಲಿಲ್ಲ. "ಸಂಶಯ ಇತ್ತು," ಎಂದರು. "ಕಣ್ಣಿನ ಒತ್ತಡ. ಅದು ಬದಿಯಿಂದ ತಿನ್ನುತ್ತಾ ಬರುತ್ತದೆ, ನೋವೂ ಇಲ್ಲ. ಆದರೆ ದಿನಾ ಶಟಲ್ ಗೆಲ್ಲುತ್ತೇನಲ್ಲ, ಬದಿ ಕಾಣದವನು ಗೆಲ್ಲುವುದುಂಟಾ ಎಂದು ಎಣಿಸಿದೆ."

ಅವರು ಹೇಗೆ ಗೆಲ್ಲುತ್ತಿದ್ದರು ಎಂಬುದನ್ನು ನಾನು ಹೇಳಬೇಕಾಯಿತು. ನನ್ನ ಜೀವನದಲ್ಲಿ ಅಷ್ಟು ಕೆಟ್ಟ ಕೆಲಸ ಇನ್ನೊಂದು ಮಾಡಿಲ್ಲ. ಅವರು ಎದ್ದು ಕಾರಿನ ಕೀ ತಂದು ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಉಡುಪಿಯಲ್ಲಿ ಪರೀಕ್ಷೆ ಮಾಡಿದ ಯುವ ಡಾಕ್ಟರು, ಇದ್ದ ನೋಟ ಉಳಿಸಿಕೊಳ್ಳಲು ಹನಿ ಔಷಧಿ ಬರೆದುಕೊಟ್ಟರು. ಹೋದದ್ದು ಬರುವುದಿಲ್ಲ ಎಂದು ಹಿರಿಯರಿಗೆ ಹೇಳಲು ಅವರಿಗೂ ಸಂಕೋಚ, ಕಾಗದದಿಂದ ತಲೆ ಎತ್ತಲಿಲ್ಲ.

"ಕೇಳು ಮಾರಾಯ," ಎಂದರು ಅಜ್ಜ. "ಇಷ್ಟು ದಿನ ಎಂತ ಮಾಡುತ್ತಿದ್ದಿರಿ ಎಂದು ಕೇಳು. ನಾನು ಎಲ್ಲರಲ್ಲೂ ಕೇಳಿದ್ದೇನೆ."

ಡಾಕ್ಟರು ಕೇಳಲಿಲ್ಲ. ನನಗೆ ಅಳು ಬಂತು, ಕಾರಿಡಾರಿಗೆ ಹೋಗಿ ಅತ್ತೆ.

ಮರುವಾರ ನಾನೇ ಅವರನ್ನು ಕಾರಿನಲ್ಲಿ ಆಟಕ್ಕೆ ಕರೆದುಕೊಂಡು ಹೋದೆ. ಅಂಗಣಕ್ಕೆ ಇಳಿದು, "ಎಡಕ್ಕೆ ಹಾಕಿ" ಎಂದರು. ಮ್ಯಾನೇಜರಿಗೆ ಕೈ ಬರಲಿಲ್ಲ, ಶಟಲ್ ಬಲಕ್ಕೇ ಬಂತು. ಅಜ್ಜ ರ‍್ಯಾಕೆಟ್ ಎತ್ತದೆ ಅದನ್ನು ಬೀಳಲು ಬಿಟ್ಟರು. ಇನ್ನೊಂದೂ ಬಲಕ್ಕೇ ಬಂತು, ಅದನ್ನೂ ಬಿಟ್ಟರು.

"ನನ್ನ ಎಡಬದಿ ಎಷ್ಟು ಹೋಗಿದೆ ಎಂದು ನನಗೆ ಗೊತ್ತಾಗಬೇಕು. ನೀವೆಲ್ಲ ನನ್ನ ರೋಗಿಗಳಲ್ವಾ? ಈಗ ನೀವು ನನ್ನನ್ನು ನೋಡಿ."

ಮೂರನೆಯದನ್ನು ಮ್ಯಾನೇಜರು ಎಡಕ್ಕೆ ಹೊಡೆದರು. ಅಜ್ಜ ಕುತ್ತಿಗೆ ತಿರುಗಿಸುವಷ್ಟರಲ್ಲಿ ಅದು ನೆಲ ಮುಟ್ಟಿತ್ತು. ಬಗ್ಗಿ ಹೆಕ್ಕಿ ಅದನ್ನು ನೆಟ್‌ನ ಮೇಲಿಂದ ಅವರಿಗೆ ವಾಪಸು ಎಸೆದರು.

"ಇನ್ನೊಂದು ಹಾಕಿ," ಎಂದರು.